ಸ್ಲಗ್ ಅಡ್ಡಡ್ಡ ಹೋಗುತ್ತಿತ್ತು, ನಾನು ಸ್ಪ್ರಿಂಗ್ ಬಿಗಿ ಮಾಡುತ್ತಿದ್ದೆ

ತುಮಕೂರಿನ ಒಂದು ಬಂದೂಕು ರಿಪೇರಿ ಅಂಗಡಿಯಲ್ಲಿ ಏರ್ ರೈಫಲ್‌ಗಳ ಬೆಂಚು ನನ್ನದು. ಲೈಸೆನ್ಸ್ ಯಜಮಾನರ ಹೆಸರಿನಲ್ಲಿದೆ, ಬಿಚ್ಚಿ ಜೋಡಿಸುವುದು ನಾನು. ಇದಕ್ಕೂ ಮೊದಲು ವಸಂತನರಸಾಪುರದ ಒಂದು ಮೆಷಿನ್ ಶಾಪ್‌ನಲ್ಲಿ ಇನ್‌ಸ್ಪೆಕ್ಷನ್ ವಿಭಾಗದಲ್ಲಿದ್ದೆ. ಬೆಳಗ್ಗೆಯಿಂದ ಸಂಜೆವರೆಗೆ ಮೈಕ್ರೋಮೀಟರ್, ಪ್ಲಗ್ ಗೇಜ್, ರಿಜಿಸ್ಟರ್. ಅಂಥ ಕೆಲಸದಿಂದ ಬಂದವನೇ ಅಳತೆ ತೆಗೆಯದೆ ಒಂದು ರೈಫಲ್‌ಗೆ ಕೈ ಹಾಕಿದೆ, ಒಂದು ವಾರ ಹಾಳಾಯಿತು. ಹೊಸದಾಗಿ ಈ ಕೆಲಸಕ್ಕೆ ಬರುವ ಹುಡುಗರಿಗೆ ಉಪಯೋಗಕ್ಕೆ ಬರಲಿ ಅಂತ ಬರೆಯುತ್ತಿದ್ದೇನೆ.

ನಮ್ಮಲ್ಲಿಗೆ ಬರುವುದರಲ್ಲಿ ಜಾಸ್ತಿ 4.5 ಮಿ.ಮೀ. ರೈಫಲ್‌ಗಳೇ. 10 ಮೀಟರ್ ಶೂಟಿಂಗ್ ಕಲಿಯುವ ಮಕ್ಕಳದ್ದು. 2008ರಲ್ಲಿ ಬೀಜಿಂಗ್‌ನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದದ್ದು ಇದೇ 10 ಮೀಟರ್‌ನಲ್ಲಿ. ಅರ್ಧ ಗ್ರಾಂ ತೂಕದ ಪುಟ್ಟ ಸೀಸದ ಪೆಲೆಟ್, ಸೆಕೆಂಡಿಗೆ 170 ಮೀಟರ್ ಆಸುಪಾಸಿನ ವೇಗ, ಲೆಕ್ಕ ಹಾಕಿದರೆ ಏಳೆಂಟು ಜೂಲ್ ಶಕ್ತಿ ಅಷ್ಟೇ. 20 ಜೂಲ್ ದಾಟಿದರೆ ಅಥವಾ ನಳಿಗೆಯ ಒಳ ವ್ಯಾಸ 4.5 ಮಿ.ಮೀ.ಗಿಂತ ಜಾಸ್ತಿಯಾದರೆ 2016ರ ಆಯುಧ ನಿಯಮಗಳ ಪ್ರಕಾರ ಲೈಸೆನ್ಸ್ ಬೇಕು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕಂದರೆ ಮುಂದೆ ಬರುವ ರೈಫಲ್ ಆ ಗೆರೆಯ ಆಚೆಯದು.

ತಿಪಟೂರು ಕಡೆಯ ಒಬ್ಬರು ತಂದರು. 5.5 ಮಿ.ಮೀ. ನಳಿಗೆ, ಸಿಲಿಂಡರ್‌ನಲ್ಲಿ 250 ಬಾರ್ ಒತ್ತಡದ ಗಾಳಿ ಮೊದಲೇ ತುಂಬಿಟ್ಟು ಹೊಡೆಯುವ ಪಿಸಿಪಿ ರೈಫಲ್, ಲೈಸೆನ್ಸ್ ಕಾಗದ ಎಲ್ಲ ಸರಿಯಾಗಿತ್ತು. 50 ಮೀಟರ್ ಟಾರ್ಗೆಟ್ ಹೊಡೆಯುವ ಆಸೆ. ಕೈಯಲ್ಲಿ 34 ಗ್ರೇನ್ ತೂಕದ ಸ್ಲಗ್‌ಗಳ, ಅಂದರೆ ಪೆಲೆಟ್‌ಗಿಂತ ಭಾರದ ಸೀಸದ ಗುಂಡುಗಳ, ಒಂದು ಡಬ್ಬಿ. ಹೊರದೇಶದ ವಿಡಿಯೋಗಳಲ್ಲಿ ಈ ತೂಕದ ಸ್ಲಗ್ 100 ಮೀಟರ್‌ನಲ್ಲೂ ಒಂದೇ ಜಾಗಕ್ಕೆ ಬೀಳುವುದನ್ನು ನೋಡಿದ್ದರು. "ನನ್ನದರಲ್ಲಿ ಎಲ್ಲೆಲ್ಲೋ ಹೋಗುತ್ತೆ, ಪವರ್ ಸಾಲದು ಅನ್ಸುತ್ತೆ, ಸ್ವಲ್ಪ ಏರಿಸಿ ಕೊಡಿ" ಅಂದರು. ನಾನು ಒಪ್ಪಿಕೊಂಡೆ. ತಪ್ಪಿದ್ದು ಅಲ್ಲೇ. ಗಿರಾಕಿ ಹೇಳಿದ್ದು ರೋಗದ ಲಕ್ಷಣ. ಕಾರಣವನ್ನೂ ಅವರ ಬಾಯಿಂದಲೇ ತೆಗೆದುಕೊಂಡುಬಿಟ್ಟೆ.

ಪೆಲೆಟ್‌ಗೂ ಸ್ಲಗ್‌ಗೂ ಏನು ವ್ಯತ್ಯಾಸ ಅಂತ ಗೊತ್ತಿಲ್ಲದವರಿಗೆ ಎರಡು ಮಾತು. ಪೆಲೆಟ್ ನಡುವಲ್ಲಿ ಸಣ್ಣ, ಹಿಂದೆ ಲಂಗದ ಹಾಗೆ ಅಗಲ, ಟೊಳ್ಳು. ಶಟಲ್ ಕಾಕ್ ಹೇಗೆ ಹೊಡೆದರೂ ಮೂತಿ ಮುಂದೆ ಮಾಡಿಕೊಂಡೇ ಹೋಗುತ್ತದಲ್ಲ, ಹಾಗೆ ಗಾಳಿಯೇ ಅದನ್ನು ನೆಟ್ಟಗೆ ಇಡುತ್ತದೆ. ಸ್ಲಗ್ ಹಾಗಲ್ಲ. ಅದು ಪುಟ್ಟ ಗುಂಡೇ, ಉದ್ದ ಸೀಸದ ತುಂಡು, ಸೊಂಟ ಇಲ್ಲ, ಲಂಗ ಇಲ್ಲ. ಅದನ್ನು ನೆಟ್ಟಗೆ ಇಡುವುದು ತಿರುಗುವಿಕೆ ಮಾತ್ರ. ಬುಗುರಿ ಇದ್ದ ಹಾಗೆ. ಚಾಟಿ ಬಿಗಿಯಾಗಿ ಸುತ್ತಿ ಎಳೆದರೆ ನಿಲ್ಲುತ್ತದೆ, ಸುತ್ತು ಸಾಲದಿದ್ದರೆ ತೂರಾಡಿ ಮಗುಚಿಕೊಳ್ಳುತ್ತದೆ. ಇಲ್ಲಿ ಚಾಟಿಯ ಕೆಲಸ ಮಾಡುವುದು ಬ್ಯಾರೆಲ್ ಒಳಗಿನ ತಿರುಚು ಗೆರೆಗಳು, ಅಂದರೆ ರೈಫ್ಲಿಂಗ್.

ಇದೆಲ್ಲ ನನಗೆ ಓದಿ ಗೊತ್ತಿತ್ತು. ಕೈಗೆ ಇನ್ನೂ ಬಂದಿರಲಿಲ್ಲ.

ಮೊದಲ ದಿನ ಅಂಗಡಿಯ ಹಿಂದಿನ 10 ಮೀಟರ್ ಲೇನ್‌ನಲ್ಲಿ ವೇಗ ಅಳೆಯುವ ಕ್ರೋನೋಗ್ರಾಫ್ ಇಟ್ಟು ಹೊಡೆದೆ. ವೇಗ ಸೆಕೆಂಡಿಗೆ 235 ಮೀಟರ್ ಬಂತು. 34 ಗ್ರೇನ್ ಅಂದರೆ 2.2 ಗ್ರಾಂ, ಅಂದರೆ ಸುಮಾರು 60 ಜೂಲ್. ಆ ಲೇನ್‌ನ ಕೊನೆಯಲ್ಲಿರುವುದು ಮಕ್ಕಳ ಪೆಲೆಟ್ ಹಿಡಿಯಲು ಇಟ್ಟ ಸಾಧಾರಣ ತಗಡಿನ ಪೆಟ್ಟಿಗೆ. ಮೂರನೇ ಹೊಡೆತಕ್ಕೆ ತಗಡು ಒಳಗೆ ಹೊಂಡ ಬಿದ್ದು, ಸೀಸದ ಒಂದು ಚೂರು ವಾಪಸ್ ಸಿಡಿದು ನನ್ನ ಕನ್ನಡಕಕ್ಕೆ ಟಿಕ್ ಅಂತ ತಾಗಿತು. ಸೇಫ್ಟಿ ಕನ್ನಡಕ ಇತ್ತು, ಉಳಿದುಕೊಂಡೆ. ಎಂಟು ಜೂಲ್‌ಗೆ ಮಾಡಿದ ಪೆಟ್ಟಿಗೆಗೆ ಅದರ ಏಳೆಂಟು ಪಟ್ಟು ಹೊಡೆತ ಕೊಟ್ಟಿದ್ದೆ. ಅವತ್ತೇ ನಿಲ್ಲಿಸಿ, ಊರಾಚೆಯ ರೇಂಜ್‌ನಲ್ಲಿ ಕಲ್ಲಿಲ್ಲದ ದಪ್ಪ ಮಣ್ಣಿನ ದಿಬ್ಬದ ಮುಂದೆ ಮಾತ್ರ ಮುಂದುವರಿಸಿದೆ. ಸ್ಲಗ್ ಪೆಲೆಟ್‌ನಷ್ಟು ಬೇಗ ವೇಗ ಕಳೆದುಕೊಳ್ಳುವುದಿಲ್ಲ, ಗುರಿ ತಪ್ಪಿದರೆ ಬಹಳ ದೂರ ಹೋಗುತ್ತದೆ, ಗಟ್ಟಿ ಜಾಗಕ್ಕೆ ಬಡಿದರೆ ಪುಟಿಯುತ್ತದೆ. ಹಿಂದೆ ಏನಿದೆ ಅಂತ ನೋಡದೆ ಒಂದೂ ಹೊಡೆಯಬಾರದು.

ಆಮೇಲೆ ಹ್ಯಾಮರ್ ಸ್ಪ್ರಿಂಗ್ ಬಿಗಿ ಮಾಡುತ್ತಾ ಹೋದೆ. ಸ್ಪ್ರಿಂಗ್ ಬಿಗಿಯಾದಷ್ಟೂ ಹ್ಯಾಮರ್ ವಾಲ್ವ್‌ಗೆ ಜೋರಾಗಿ ಬಡಿಯುತ್ತದೆ, ವಾಲ್ವ್ ಹೆಚ್ಚು ಹೊತ್ತು ತೆರೆದಿರುತ್ತದೆ, ಹೆಚ್ಚು ಗಾಳಿ ಬರುತ್ತದೆ. ಭಾರದ ಸ್ಲಗ್ ನಳಿಗೆಯೊಳಗೆ ನಿಧಾನವಾಗಿ ಚಲಿಸುವುದರಿಂದ ಆ ಗಾಳಿಯನ್ನು ಚೆನ್ನಾಗಿ ಬಳಸಿಕೊಳ್ಳುತ್ತದೆ ಕೂಡ. 235 ಇದ್ದದ್ದು 244 ಆಯಿತು, 250 ಆಯಿತು. ಖುಷಿ ಆಯಿತು. ಇನ್ನೊಂದು ಸುತ್ತು ಕೊಟ್ಟೆ, 252. ಮತ್ತೊಂದು ಸುತ್ತು, 252. ಅಲ್ಲಿಗೆ ನಿಂತಿತು. ಒಮ್ಮೆ ತುಂಬಿಸಿದ ಗಾಳಿಗೆ ಮೊದಲು ನಲವತ್ತು ಹೊಡೆತ ಸಿಗುತ್ತಿದ್ದದ್ದು ಇಪ್ಪತ್ತೈದಕ್ಕೆ ಇಳಿದಿತ್ತು. ಸ್ಲಗ್ ನಳಿಗೆಯ ಬಾಯಿಂದ ಆಚೆ ಹೋದ ಮೇಲೂ ವಾಲ್ವ್ ತೆರೆದೇ ಇದ್ದು ಗಾಳಿ ಸುಮ್ನೆ ಪೋಲಾಗುತ್ತಿತ್ತು, ಅದಕ್ಕೇ ಶಬ್ದವೂ ಒರಟಾಗಿತ್ತು. ವಾಲ್ವ್‌ಗೆ ಹೋಗುವ ಗಾಳಿಯ ಒತ್ತಡ ಹಿಡಿದಿಡುವ ರೆಗ್ಯುಲೇಟರ್ ಅನ್ನು ಬದಲಿಸದೆ ಬರೀ ಸ್ಪ್ರಿಂಗ್ ತಿರುಗಿಸಿದರೆ ಹೀಗೊಂದು ಗೋಡೆ ಬಂದೇ ಬರುತ್ತದೆ. ಈಗ ನಾನು ಆ ಗೋಡೆ ಎಲ್ಲಿದೆ ಅಂತ ಹುಡುಕಿ, ವೇಗ ಅಲ್ಲಿಂದ ನೂರಕ್ಕೆ ಮೂರು ನಾಲ್ಕರಷ್ಟು ಇಳಿಯುವ ತನಕ ಸ್ಪ್ರಿಂಗ್ ಸಡಿಲಿಸಿ ನಿಲ್ಲಿಸುತ್ತೇನೆ. ಅಲ್ಲಿ ವೇಗ ಒಂದೇ ಸಮ ಇರುತ್ತದೆ, ಗಾಳಿಯೂ ಉಳಿಯುತ್ತದೆ.

ಆದರೆ ಗುರಿ? ಗುರಿ ಒಂದಿಷ್ಟೂ ಸುಧಾರಿಸಿರಲಿಲ್ಲ. ಐದು ಹೊಡೆತ 50 ಮೀಟರ್‌ನಲ್ಲಿ ಅಂಗೈಗಿಂತ ಅಗಲಕ್ಕೆ ಹರಡುತ್ತಿತ್ತು.

ಕಾಗದವನ್ನು ಬಿಚ್ಚಿ ತಂದು ಬೆಂಚಿನ ಮೇಲೆ ಟ್ಯೂಬ್‌ಲೈಟ್ ಕೆಳಗೆ ಹರಡಿದೆ. ಆವರೆಗೆ ತೂತುಗಳ ನಡುವಿನ ದೂರ ನೋಡಿದ್ದೆನೇ ಹೊರತು ತೂತನ್ನೇ ನೋಡಿರಲಿಲ್ಲ. ಎರಡು ದುಂಡಗಿದ್ದವು. ಎರಡು ಮೊಟ್ಟೆಯ ಆಕಾರ. ಒಂದಂತೂ ಹುಣಸೆಬೀಜ ಅಡ್ಡ ಇಟ್ಟ ಹಾಗೆ, ಒಂದು ಬದಿಯಲ್ಲಿ ಸೀಸದ ಬೂದು ಗೆರೆ. ಅಳೆದರೆ ಉದ್ದ ಸುಮಾರು 10 ಮಿ.ಮೀ. ಸ್ಲಗ್ಗಿನ ಉದ್ದವೂ ಅಷ್ಟೇ. ಅಂದರೆ ಸ್ಲಗ್ ಕಾಗದಕ್ಕೆ ಮೂತಿಯಿಂದ ಅಲ್ಲ, ಪಕ್ಕೆಯಿಂದ ಬಡಿದಿತ್ತು. ಬುಗುರಿ ಮಗುಚಿತ್ತು.

ಆಗ ಮಾಡಿದ್ದು ಮೊದಲ ದಿನವೇ ಮಾಡಬೇಕಿದ್ದ ಕೆಲಸ. ಗಾಳಿ ಪೂರ್ತಿ ಬಿಟ್ಟು ಬ್ಯಾರೆಲ್ ಬಿಚ್ಚಿದೆ. ಸಲೀಸಾಗಿ ತಿರುಗುವ ಹಿಡಿಯ ಕ್ಲೀನಿಂಗ್ ರಾಡ್‌ಗೆ ಬಿಗಿಯಾಗಿ ಬಟ್ಟೆ ಸುತ್ತಿ ಒಳಗೆ ಬಿಟ್ಟೆ. ರಾಡ್ ಮೇಲೆ ಮಾರ್ಕರ್‌ನಿಂದ ಒಂದು ಚುಕ್ಕೆ. ನಿಧಾನವಾಗಿ ಎಳೆದರೆ ಬಟ್ಟೆ ಗೆರೆಗಳನ್ನು ಹಿಡಿದು ರಾಡ್ ತಾನೇ ತಿರುಗುತ್ತದೆ. ಮೇಲಿದ್ದ ಚುಕ್ಕೆ ಸರಿಯಾಗಿ ಕೆಳಗೆ ಬಂದಾಗ ನಿಲ್ಲಿಸಿ ಅಳೆದೆ. 280 ಮಿ.ಮೀ. ಅರ್ಧ ಸುತ್ತಿಗೆ ಅಷ್ಟು, ಪೂರ್ತಿ ಸುತ್ತಿಗೆ 560. ಮೂರು ಸಲ ಅಳೆದೆ, ಎರಡು ಮೂರು ಮಿ.ಮೀ. ಆಚೀಚೆ ಅಷ್ಟೇ.

1879ರಲ್ಲಿ ಗ್ರೀನ್‌ಹಿಲ್ ಎಂಬ ಇಂಗ್ಲಿಷ್ ಗಣಿತಜ್ಞ ಸೀಸದ ಗುಂಡುಗಳಿಗೆ ಒಂದು ಸರಳ ಲೆಕ್ಕ ಕೊಟ್ಟಿದ್ದಾನೆ. ಗುಂಡಿನ ವ್ಯಾಸವನ್ನು ಅದರಿಂದಲೇ ಗುಣಿಸಿ, 150ರಿಂದ ಗುಣಿಸಿ, ಉದ್ದದಿಂದ ಭಾಗಿಸಿದರೆ ಎಷ್ಟು ದೂರಕ್ಕೆ ಒಂದು ಸುತ್ತು ಬೇಕು ಅಂತ ಬರುತ್ತದೆ. 5.5 ವ್ಯಾಸ, 10 ಉದ್ದ ಹಾಕಿದರೆ ಸುಮಾರು 454 ಮಿ.ಮೀ. ಈ ಬ್ಯಾರೆಲ್ 560ಕ್ಕೆ ಒಂದು ಸುತ್ತು ಕೊಡುತ್ತಿತ್ತು. ಸಾಲುವುದೇ ಇಲ್ಲ. ಲೆಕ್ಕದಲ್ಲಿ ಗಮನಿಸಿ, ವೇಗ ಅನ್ನುವುದು ಎಲ್ಲೂ ಇಲ್ಲ. ವೇಗದಿಂದ ಸ್ವಲ್ಪ ಸಹಾಯ ಆಗುವುದು ನಿಜ, ಆದರೆ ಉದ್ದಕ್ಕೂ ತಿರುಚಿಗೂ ಹೊಂದಾಣಿಕೆ ಇಲ್ಲದಿದ್ದರೆ ಆ ಸ್ವಲ್ಪ ಯಾವ ಮೂಲೆಗೂ ಆಗುವುದಿಲ್ಲ. ವಿಡಿಯೋದವರ ಬ್ಯಾರೆಲ್ ಸ್ಲಗ್‌ಗೆಂದೇ ಮಾಡಿದ್ದು. ಇದು ಪೆಲೆಟ್‌ಗೆ ಮಾಡಿದ್ದು. ನಾನು ಇಡೀ ವಾರ ಸ್ಪ್ರಿಂಗ್ ಬಿಗಿ ಮಾಡಿದ್ದರೂ ಇಷ್ಟೇ.

ಅದೇ ಲೆಕ್ಕವನ್ನು ತಿರುಗಿಸಿ ಹಾಕಿದೆ. 560ರ ಬ್ಯಾರೆಲ್‌ಗೆ 8 ಮಿ.ಮೀ. ಉದ್ದದವರೆಗೆ ಪರವಾಗಿಲ್ಲ. 25 ಗ್ರೇನ್ ಸ್ಲಗ್ 7.8 ಮಿ.ಮೀ. ಇತ್ತು. ತರಿಸುವ ಮೊದಲು ಇನ್ನೊಂದು ಅಳತೆ ತೆಗೆದೆ. ಮೆತ್ತನೆ ಸೀಸದ ತುಂಡೊಂದನ್ನು ಎಣ್ಣೆ ಸವರಿ ಹಿಂದಿನಿಂದ ರಾಡ್‌ನಲ್ಲಿ ಮೆಲ್ಲಗೆ ನೂಕಿದೆ. ಉದ್ದಕ್ಕೂ ಒಂದೇ ಬಿಗಿ, ಬಾಯಿಯ ಹತ್ತಿರ ಒಂದು ಇಂಚು ಉಳಿದಾಗ ಗಕ್ಕನೆ ತಡೆಯಿತು. ಅದು ಚೋಕ್, ಪೆಲೆಟ್‌ಗೆ ಒಳ್ಳೆಯದು ಅಂತ ಬೇಕೆಂದೇ ಕಿರಿದು ಮಾಡಿರುತ್ತಾರೆ. ಸ್ಲಗ್‌ನ ಮೈಯೆಲ್ಲ ಉಜ್ಜುವುದರಿಂದ ಅಲ್ಲಿ ಸೀಸ ಮೆತ್ತಿಕೊಳ್ಳುತ್ತದೆ. ಚೋಕ್‌ಗೆ ಮುಟ್ಟುವ ಮೊದಲೇ ವಾಪಸ್ ನೂಕಿ ತೆಗೆದ ಇನ್ನೊಂದು ತುಂಡನ್ನು ಮೈಕ್ರೋಮೀಟರ್‌ನಲ್ಲಿ ಹಿಡಿದರೆ 5.51. ಅವರ ಡಬ್ಬಿಯ ಸ್ಲಗ್ 5.54 ಇತ್ತು. ಕೂದಲೆಳೆಯಷ್ಟೂ ಇಲ್ಲದ ವ್ಯತ್ಯಾಸ, ಆದರೂ ಲೋಡ್ ಮಾಡುವಾಗ ಕೈಗೆ ಗೊತ್ತಾಗುತ್ತಿತ್ತು, ಹಿಂಬದಿ ಸ್ವಲ್ಪ ಜಜ್ಜುತ್ತಲೂ ಇತ್ತು. 5.51ರದ್ದೇ ತರಿಸಿದೆವು.

ಬ್ಯಾರೆಲ್ ತೊಳೆದು, ಸ್ಪ್ರಿಂಗ್ ಸಡಿಲಿಸಿ, 25 ಗ್ರೇನ್‌ಗೆ 275 ಮೀಟರ್ ವೇಗಕ್ಕೆ ನಿಲ್ಲಿಸಿದೆ. 61 ಜೂಲ್. ಅಂದರೆ ಗಿರಾಕಿ ಮೊದಲ ದಿನ ತಂದಾಗ ಇದ್ದಷ್ಟೇ ಪವರ್. ಗಾಳಿ ಇಲ್ಲದ ಬೆಳಗ್ಗೆ 50 ಮೀಟರ್‌ನಲ್ಲಿ ಐದು ಹೊಡೆದೆ. ಐದೂ ತೂತು ಹತ್ತು ರೂಪಾಯಿ ನಾಣ್ಯದ ಕೆಳಗೆ ಮುಚ್ಚಿಹೋದವು, ಐದೂ ದುಂಡಗೆ. ಆ ದುಂಡು ತೂತುಗಳನ್ನು ನೋಡಿದಾಗ ಆದ ಸಮಾಧಾನ ನನಗೆ ಇನ್ನೂ ನೆನಪಿದೆ.

ಗಿರಾಕಿಗೆ ಎಲ್ಲವನ್ನೂ ಹೇಳಿದೆ, ವಾರ ತಡವಾದದ್ದು ನನ್ನಿಂದ ಅಂತಲೂ ಹೇಳಿದೆ. ಎರಡೂ ಕಾಗದ ಪಕ್ಕಪಕ್ಕ ಇಟ್ಟು ತೋರಿಸಿದಾಗ ಅವರು ಹುಣಸೆಬೀಜದ ತೂತಿನ ಮೇಲೆ ಬೆರಳಿಟ್ಟು ಬಹಳ ಹೊತ್ತು ನೋಡಿದರು. ಸ್ಪ್ರಿಂಗ್ ತಿರುಗಿಸಿದ್ದಕ್ಕೆ ನಾವು ಕೂಲಿ ತೆಗೆದುಕೊಳ್ಳಲಿಲ್ಲ.

ಇನ್ನೊಂದು ವಿಷಯ. ಲೈಸೆನ್ಸ್ ಬೇಡದ 4.5 ರೈಫಲ್ ತಂದು "ಭಾರದ ಸ್ಲಗ್ ಹಾಕಬೇಕು, ಪವರ್ ಏರಿಸಿ" ಅನ್ನುವವರು ತಿಂಗಳಿಗೆ ಒಬ್ಬರಾದರೂ ಬರುತ್ತಾರೆ. ತೋಟಕ್ಕೆ ಹಂದಿ ಬರುತ್ತೆ, ಕೋತಿ ಕಾಟ ಅನ್ನುತ್ತಾರೆ. ಅವರ ಕಷ್ಟ ಸುಳ್ಳಲ್ಲ, ನಮ್ಮ ಮನೆಯವರೂ ರೈತರೇ. ಆದರೆ 20 ಜೂಲ್ ದಾಟಿಸಿದ ಕ್ಷಣ ಅದು ಲೈಸೆನ್ಸ್ ಇಲ್ಲದ ಆಯುಧ, ಅನುಮತಿ ಇಲ್ಲದೆ ಕಾಡುಪ್ರಾಣಿಗೆ ಹೊಡೆದರೆ 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅಪರಾಧ. ನಾವು ಮಾಡುವುದಿಲ್ಲ. ಅರಣ್ಯ ಇಲಾಖೆಗೆ ಅರ್ಜಿ ಕೊಡಿ ಅಂತ ಹೇಳಿ ಕಳಿಸುತ್ತೇವೆ.

ಈಗ ನಮ್ಮ ಜಾಬ್ ಕಾರ್ಡ್‌ನಲ್ಲಿ ವೇಗ ಬರೆಯುವ ಜಾಗಕ್ಕಿಂತ ಮೇಲೆ ಮೂರು ಖಾಲಿ ಗೆರೆ ಸೇರಿಸಿದ್ದೇನೆ. ಒಂದು ಸುತ್ತಿಗೆ ಎಷ್ಟು ಮಿ.ಮೀ., ಒಳ ಅಳತೆ, ಚೋಕ್ ಇದೆಯಾ ಇಲ್ಲವಾ. ಅವು ತುಂಬುವವರೆಗೆ ಸ್ಪ್ರಿಂಗ್ ತಿರುಗಿಸುವ ಅಲೆನ್ ಕೀ ಡ್ರಾಯರ್‌ನಲ್ಲೇ ಇರುತ್ತದೆ. ತಿಪಟೂರಿನವರ 34 ಗ್ರೇನ್ ಡಬ್ಬಿ ಅರ್ಧ ಹಾಗೇ ಉಳಿದಿದೆ. ಅವರಿಗೆ ಆ ಭಾರದ ಸ್ಲಗ್ಗನ್ನೇ ಹೊಡೆಯುವ ಆಸೆ ಹೋಗಿಲ್ಲ. ಚೋಕ್ ಇಲ್ಲದ, 450ರ ಆಸುಪಾಸಿನ ತಿರುಚಿನ ಬ್ಯಾರೆಲ್ ಸಿಕ್ಕರೆ ಕಾನೂನು ಪ್ರಕಾರವೇ ಹಾಕಿಸೋಣ ಅಂತ ಮಾತಾಗಿದೆ. ಬಂದ ದಿನ ಮೊದಲು ರಾಡ್ ಹಾಕಿ ಅಳೆಯುತ್ತೇನೆ.