ವರ್ಜೀನಿಯಾದಲ್ಲಿ ಡಿಕ್ಕಿ ಸೇರಿದ ಡಿಟೆಕ್ಟರ್

ವರ್ಜೀನಿಯಾ ಗಡಿಗೆ ಇನ್ನೊಂದೇ ಎಕ್ಸಿಟ್ ಇದೆ ಅನ್ನುವಾಗ ಭಾವ ಗ್ಯಾಸ್ ಸ್ಟೇಷನ್ ಕಡೆ ಕಾರು ತಿರುಗಿಸಿದರು. ಟ್ಯಾಂಕು ಮುಕ್ಕಾಲು ತುಂಬೇ ಇತ್ತು. ನಿಲ್ಲಿಸಿದವರೇ ಮುಂದಿನ ಗಾಜಿಗೆ ಅಂಟಿಸಿದ್ದ ರೇಡಾರ್ ಡಿಟೆಕ್ಟರ್ ಕಿತ್ತರು. ಪೊಲೀಸರು ರೇಡಾರಿನಿಂದ ವೇಗ ಅಳೆಯುತ್ತಿದ್ದರೆ ಕೂಗಿ ಎಚ್ಚರಿಸುವ ಡಬ್ಬಿ ಅದು. ಲೈಟರ್ ಸಾಕೆಟ್ಟಿನಿಂದ ಅದರ ಸುರುಳಿ ವೈರು ಎಳೆದು ಸುತ್ತಿದರು. ರಬ್ಬರ್ ಬಟ್ಟಲು ಕಚ್ಚಿಕೊಂಡಿದ್ದ ಕಡೆ ಗಾಜಿನ ಮೇಲೆ ಎರಡು ದುಂಡನೆ ಗುರುತು ಉಳಿದಿತ್ತು. ಅದರ ಮೇಲೆ 'ಹಾ' ಅಂತ ಉಸಿರು ಬಿಟ್ಟು ಟಿಶ್ಯೂನಲ್ಲಿ ತಿಕ್ಕಿ ತಿಕ್ಕಿ ಒರೆಸಿದರು.

"ಗುರುತು ನೋಡಿದರೂ ಸಾಕು ಕಣೋ, ಪೊಲೀಸರಿಗೆ ಅನುಮಾನ ಬರುತ್ತೆ" ಅಂದರು.

ಆಮೇಲೆ ಅದನ್ನು ಡಿಕ್ಕಿಯಲ್ಲಿ ಬ್ಯಾಗಿನೊಳಗೆ ತುರುಕಲು ಹೋದರು. "ರೀ, ನನ್ನ ರೇಷ್ಮೆ ಸೀರೆ ಮೇಲೆ ಇಡಬೇಡಿ ಅದನ್ನ" ಅಂತ ಅಕ್ಕ ಒಳಗಿನಿಂದಲೇ ಕೂಗಿದಳು.

ನಾವು ಹೊರಟಿದ್ದು ನಾರ್ತ್ ಕ್ಯಾರೊಲಿನಾದ ರಾಲಿಯಿಂದ ನ್ಯೂಜೆರ್ಸಿಯ ಎಡಿಸನ್‌ಗೆ. ಭಾವನ ಗೆಳೆಯರೊಬ್ಬರ ಗೃಹಪ್ರವೇಶ. ಟ್ರಾಫಿಕ್ ಸಿಗದಿದ್ದರೆ ಎಂಟು ಗಂಟೆ ದಾರಿ. ನಾನು ಆ ದೇಶಕ್ಕೆ ಹೊಸಬ, ಲೈಸೆನ್ಸ್ ಇನ್ನೂ ಕೈಗೆ ಬಂದಿರಲಿಲ್ಲ. ಹಾಗಾಗಿ ಭಾವನ ಪಕ್ಕದ ಸೀಟಿನಲ್ಲಿ ಕೂತು ಮಾತಾಡಿಸುತ್ತಾ ಇರುವುದು ನನ್ನ ಕೆಲಸ.

ಅಮೆರಿಕದ 50 ರಾಜ್ಯಗಳಲ್ಲಿ ಮಾಮೂಲಿ ಕಾರಿನಲ್ಲಿ ಈ ಯಂತ್ರ ಇಟ್ಟುಕೊಳ್ಳಲೇಬಾರದು ಅನ್ನುವುದು ವರ್ಜೀನಿಯಾ ಮಾತ್ರ. ರಾಜಧಾನಿ ವಾಷಿಂಗ್ಟನ್ ಡಿಸಿಯಲ್ಲೂ ನಿಷೇಧ ಇದೆ. ಹತ್ತು ಸಾವಿರ ಪೌಂಡಿಗಿಂತ ಭಾರದ ವಾಣಿಜ್ಯ ಲಾರಿಗಳಿಗಂತೂ ದೇಶದಲ್ಲಿ ಎಲ್ಲೂ ಅನುಮತಿ ಇಲ್ಲ. ಉಳಿದ ಕಡೆ ಕಾರಿನವರು ಅಂಗಡಿಯಲ್ಲಿ ಕೊಂಡು, ರಾಜಾರೋಷವಾಗಿ ಕಾರಲ್ಲಿ ಇಟ್ಟುಕೊಂಡು ಓಡಾಡಬಹುದು. ವರ್ಜೀನಿಯಾ ಗಡಿಯಲ್ಲಿ ಮಾತ್ರ ಸ್ವಾಗತದ ಬೋರ್ಡಿನ ಹಿಂದೆಯೇ 'ರೇಡಾರ್ ಡಿಟೆಕ್ಟರ್ ಕಾನೂನುಬಾಹಿರ' ಅನ್ನುವ ಬೋರ್ಡೂ ಕಾಣುತ್ತದೆ. ಡಿಟೆಕ್ಟರ್ ಕೆಲಸ ಮಾಡುವಾಗ ಅದರಿಂದಲೇ ಸಣ್ಣಗೆ ರೇಡಿಯೋ ಅಲೆ ಸೋರುತ್ತಿರುತ್ತದೆ. ಅದನ್ನು ಹಿಡಿಯುವ ಇನ್ನೊಂದು ಯಂತ್ರ ಪೊಲೀಸರ ಹತ್ತಿರ ಇದೆ. ಡಿಟೆಕ್ಟರ್ ಹುಡುಕುವ ಡಿಟೆಕ್ಟರ್!

ನಮ್ಮ ಡಿಟೆಕ್ಟರ್ ಹೇಗೆ ಕೆಲಸ ಮಾಡುತ್ತದೆ ಅಂತ ಭಾವನೇ ವಿವರಿಸಿದ್ದರು. ಪೊಲೀಸ್ ರೇಡಾರ್ ಅಲೆ ಬಿಡುತ್ತದೆ. ಅದು ನಮ್ಮ ಕಾರಿಗೆ ಬಡಿದು ವಾಪಸ್ ಹೋಗುತ್ತದೆ. ಕಾರಿನ ವೇಗಕ್ಕೆ ತಕ್ಕಂತೆ ಅಲೆಯ ಆವರ್ತನ ಬದಲಾಗಿರುತ್ತದೆ, ಅದರಿಂದ ವೇಗ ಗೊತ್ತಾಗುತ್ತದೆ. ಆದರೆ ಬಡಿದು ವಾಪಸ್ ಹೋಗುವ ಅಲೆ ತೀರಾ ಸೊರಗಿರುತ್ತದೆ. ನಮಗೆ ಬರುವ ಅಲೆಗೆ ಬಲ ಜಾಸ್ತಿ. ಕತ್ತಲಲ್ಲಿ ಟಾರ್ಚ್ ಹಿಡಿದವನು ನಮಗೆ ಬಹಳ ದೂರದಿಂದಲೇ ಕಾಣುತ್ತಾನೆ, ಅವನಿಗೆ ನಾವು ಹತ್ತಿರ ಬರುವ ತನಕ ಕಾಣುವುದಿಲ್ಲ, ಅಲ್ವಾ? ಹಾಗೆ. ಅಳೆಯುವ ಮುಂಚೆಯೇ ಸುಳಿವು ಸಿಗುವುದು ಇದೇ ಕಾರಣಕ್ಕೆ.

ಹೇಳಲು ಚೆನ್ನಾಗಿದೆ. ಬೆಳಿಗ್ಗೆಯಿಂದ ನಾನು ನೋಡಿದ್ದೇ ಬೇರೆ.

ರಾಲಿಯಲ್ಲಿ ಹಾಲು ತರಲು ಸೂಪರ್ ಮಾರ್ಕೆಟ್ ಮುಂದೆ ನಿಂತಾಗಲೇ ಅದು ಒಂದು ಸಲ ಕಿರುಚಿತು. ತಾನಾಗಿ ತೆರೆಯುವ ಬಾಗಿಲುಗಳಲ್ಲೂ ಅದೇ ಜಾತಿಯ ಅಲೆ ಇರುತ್ತದೆ, 24 ಗಿಗಾಹರ್ಟ್ಸ್ ಆಸುಪಾಸಿನದು, ಕೆ ಬ್ಯಾಂಡ್ ಅಂತಾರೆ. ಈಗಿನ ಎಷ್ಟೋ ಕಾರುಗಳಲ್ಲಿ ಪಕ್ಕದ ಲೇನ್ ನೋಡುವ ಸೆನ್ಸರ್ ಇದೆಯಲ್ಲ, ಅದರದ್ದೂ ಅದೇ ಬ್ಯಾಂಡ್. ಐ-85 ಹೆದ್ದಾರಿಯಲ್ಲಿ ಭಾವ ಮಿತಿಗಿಂತ ಹನ್ನೆರಡು ಮೈಲಿ ಮೇಲೆ ಹೋಗುತ್ತಿದ್ದರು. ಯಂತ್ರ ಕೀಂ ಕೀಂ ಅಂತ ಬಡಿದುಕೊಂಡಿತು. ಭಾವ ಒಂದೇ ಸಲಕ್ಕೆ ಬ್ರೇಕ್ ಒತ್ತಿದರು. ನನ್ನ ಕೈಲಿದ್ದ ಕಾಫಿ ಅಂಗಿಯ ಮೇಲೆ. ಹಿಂದಿನ ಟ್ರಕ್ಕಿನವನು ಉದ್ದಕ್ಕೆ ಹಾರ್ನ್ ಒತ್ತಿಕೊಂಡು, ಲೇನ್ ಬದಲಿಸಿ ನಮ್ಮನ್ನು ದಾಟಿ ಹೋದ. ಪೊಲೀಸೂ ಇಲ್ಲ, ಗಿಲೀಸೂ ಇಲ್ಲ. ಪಕ್ಕದಲ್ಲಿ ಹೋದ ಎಸ್‌ಯುವಿಯ ಸೆನ್ಸರ್ ಅಷ್ಟೇ.

"ಫಾಲ್ಸ್ ಅಲಾರ್ಮ್" ಅಂದರು ಭಾವ, ಏನೂ ಆಗಿಲ್ಲ ಅನ್ನುವ ಹಾಗೆ.

ಟ್ರಕ್ಕಿನ ಚಾಲಕನಿಗೆ ಅದು ಫಾಲ್ಸ್ ಆಗಿರಲಿಲ್ಲ. ವೇಗ ಅಪಾಯ ಅನ್ನುವುದು ಎಲ್ಲರಿಗೂ ಗೊತ್ತು. ವೇಗದಲ್ಲಿದ್ದವರು ಕಾರಣವಿಲ್ಲದೆ ಗಕ್ಕನೆ ನಿಧಾನವಾಗುವುದೂ ಅಷ್ಟೇ ಅಪಾಯ. ಈ ಯಂತ್ರ ಆ ಎರಡನ್ನೂ ಒಟ್ಟಿಗೆ ಮಾಡಿಸುತ್ತದೆ.

ಯಂತ್ರ ಡಿಕ್ಕಿ ಸೇರಿದ ಮೇಲೆ ಭಾವ ಬೇರೆಯೇ ಮನುಷ್ಯ ಆದರು. ವರ್ಜೀನಿಯಾದಲ್ಲಿ ಐ-85ರ ಮಿತಿ ಗಂಟೆಗೆ 70 ಮೈಲಿ, ನಮ್ಮ ಲೆಕ್ಕದಲ್ಲಿ ಸುಮಾರು 113 ಕಿಲೋಮೀಟರ್. ಭಾವ 72ಕ್ಕೆ ಕ್ರೂಸ್ ಕಂಟ್ರೋಲ್ ಇಟ್ಟು ಕಾಲು ಎತ್ತಿಬಿಟ್ಟರು. ಕಾರಣ ಭಯ. ಅಲ್ಲಿ ಮಿತಿಗಿಂತ 20 ಮೈಲಿ ಜಾಸ್ತಿ ಹೋದರೆ, ಅಥವಾ ಮಿತಿ ಎಷ್ಟೇ ಇದ್ದರೂ 85 ದಾಟಿದರೆ, ಅದು ಬರೀ ಟಿಕೆಟ್, ಅಂದರೆ ದಂಡದ ಚೀಟಿ, ಅಲ್ಲ. ರೆಕ್ಲೆಸ್ ಡ್ರೈವಿಂಗ್ ಅಂತ ಕ್ರಿಮಿನಲ್ ಕೇಸು. 12 ತಿಂಗಳವರೆಗೆ ಜೈಲು, 2500 ಡಾಲರ್‌ವರೆಗೆ ದಂಡ ಹಾಕಲು ಅವಕಾಶ ಇದೆ. ಗ್ರೀನ್ ಕಾರ್ಡ್ ಸಾಲಿನಲ್ಲಿ ವರ್ಷಗಟ್ಟಲೆ ನಿಂತಿರುವವರಿಗೆ ಕ್ರಿಮಿನಲ್ ಅನ್ನುವ ಶಬ್ದ ಕೇಳಿದರೇ ಹೊಟ್ಟೆ ತೊಳಸುತ್ತದೆ.

ಪೀಟರ್ಸ್‌ಬರ್ಗ್ ಹತ್ತಿರ ಐ-95 ಸೇರಿ, ರಿಚ್‌ಮಂಡ್ ದಾಟುವ ತನಕ ಭಾವ ಕನ್ನಡಿ ನೋಡುತ್ತಿದ್ದರು, ಮುಂದಿನ ಕಾರಿಗೆ ಸರಿಯಾದ ಅಂತರ ಬಿಟ್ಟಿದ್ದರು. ಅಕ್ಕ ನಿದ್ದೆ ಹೋದಳು. ಮೂರು ನಾಲ್ಕು ಕಾರು ಮುಂದೆ ಬ್ರೇಕ್ ದೀಪ ಹತ್ತಿದರೆ ಅದು ಭಾವನ ಕಣ್ಣಿಗೆ ಬೀಳುತ್ತಿತ್ತು. ಬೆಳಿಗ್ಗೆಯೆಲ್ಲ ಆ ಕಣ್ಣು ಗಾಜಿಗೆ ಅಂಟಿದ್ದ ಡಬ್ಬಿಯ ಮೇಲೇ ಇತ್ತು. ಡಬ್ಬಿ ಸುಮ್ಮನಿದ್ದರೆ ಆಕ್ಸಿಲರೇಟರ್, ಕಿರುಚಿದರೆ ಬ್ರೇಕ್. ರಸ್ತೆ ಅನ್ನುವುದೊಂದು ಇದೆ ಅನ್ನುವುದೇ ಮರೆತಂತೆ.

ಇದನ್ನು ಹೇಳಿದೆ. ಭಾವ ಸುಮ್ಮನಿರುವ ಪೈಕಿ ಅಲ್ಲ.

"ಊರಲ್ಲಿ ಎದುರಿನಿಂದ ಬರೋ ಲಾರಿಯವನು ಹೆಡ್‌ಲೈಟ್ ಮಿನುಗಿಸಿ ಮುಂದೆ ಪೊಲೀಸ್ ಇದ್ದಾರೆ ಅಂತ ತಿಳಿಸಲ್ವಾ? ನಿಮ್ಮಪ್ಪನೂ ಸ್ಕೂಟರ್ ನಿಧಾನ ಮಾಡ್ತಾ ಇದ್ದರು. ಅದು ಸರಿ, ಇದು ತಪ್ಪಾ?"

"ಅಪ್ಪನ ಸ್ಕೂಟರ್ ಐವತ್ತು ದಾಟ್ತಾ ಇರಲಿಲ್ಲ ಭಾವ. ಹೆಲ್ಮೆಟ್ ಹಾಕ್ಕೊಳ್ಳೋಕೆ ನಿಲ್ಲಿಸ್ತಾ ಇದ್ದರು."

ನಕ್ಕರು. ಆದರೆ ಬಿಡಲಿಲ್ಲ. ಪೊದೆಯ ಹಿಂದೆ ಕಾರು ಅಡಗಿಸಿಕೊಂಡು ಕೂರುವುದು ಸುರಕ್ಷತೆಗಲ್ಲ, ದುಡ್ಡಿಗೆ ಅಂದರು. ದೊಡ್ಡ ರಸ್ತೆಯಿಂದ ಊರೊಳಗೆ ಬರುತ್ತಿದ್ದಂತೆ 55 ಇದ್ದ ಮಿತಿ ದಿಢೀರ್ ಅಂತ 35 ಆಗುತ್ತದೆ, ಅಲ್ಲೇ ಪೊಲೀಸ್ ಕಾಯುತ್ತಿರುತ್ತಾರೆ ಅಂದರು. ಈ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಬಜೆಟ್ಟಿನ ದೊಡ್ಡ ಪಾಲನ್ನು ದಂಡದಿಂದಲೇ ತುಂಬಿಸಿಕೊಳ್ಳುವ ಸಣ್ಣ ಊರುಗಳು ಅಮೆರಿಕದಲ್ಲಿ ಇವೆ. ಅಂಥ ಕಡೆ ಮೋಸ ಹೋದೆ ಅನ್ನಿಸುವುದು ಸಹಜ. ಆದರೆ ನಾವು ಆಗ ಹೋಗುತ್ತಿದ್ದುದು ಅಂಥ ಊರಲ್ಲಲ್ಲ. ಒಂದೊಂದು ಬದಿಗೆ ಮೂರು ಲೇನ್ ಇರುವ, ಮಿತಿ ಎಷ್ಟು ಅಂತ ಪದೇ ಪದೇ ಬೋರ್ಡ್ ಹಾಕಿರುವ ಹೆದ್ದಾರಿಯಲ್ಲಿ. ಅಲ್ಲಿ ಯಾರು ಯಾರಿಂದ ಏನು ಅಡಗಿಸಿದ್ದಾರೆ?

"ಫೋನಿನಲ್ಲಿ ದಾರಿ ತೋರಿಸುವ ವೇಜ್ ಆ್ಯಪ್ ಹಾಕಿಕೊಂಡರೆ ಅದೂ 'ಮುಂದೆ ಪೊಲೀಸ್' ಅಂತ ಹೇಳುತ್ತೆ. ಅದಕ್ಕೆ ವರ್ಜೀನಿಯಾದಲ್ಲೂ ತಕರಾರಿಲ್ಲ" ಅಂದರು. ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಒಂದೇ ಕೆಲಸ ಮಾಡುವ ಡಬ್ಬಿಗೆ ನಿಷೇಧ, ಫೋನಿಗೆ ಸಲಾಂ. ಕಾನೂನು ಹಳೆಯದು, ಫೋನು ಹೊಸದು. ಒಂದು ವ್ಯತ್ಯಾಸ ಅಂದರೆ ವೇಜ್ ಮುಂದೆ ಅಪಘಾತ ಆಗಿದೆ, ಹಳ್ಳ ಬಿದ್ದಿದೆ, ಕಾರು ಕೆಟ್ಟು ನಿಂತಿದೆ ಅಂತಲೂ ಹೇಳುತ್ತದೆ. ಡಬ್ಬಿಗೆ ಪೊಲೀಸ್ ಬಿಟ್ಟರೆ ಬೇರೆ ಪ್ರಪಂಚವೇ ಇಲ್ಲ.

ಪೊಟೊಮ್ಯಾಕ್ ನದಿಯ ಮೇಲಿನ ವುಡ್ರೊ ವಿಲ್ಸನ್ ಸೇತುವೆ ನಡುವೆ ಸ್ವಲ್ಪ ದೂರ ಡಿಸಿಯ ಮೂಲೆಯೊಂದನ್ನು ಸವರಿಕೊಂಡು ಹೋಗುತ್ತದೆ. ಕೆಲವೇ ಸೆಕೆಂಡು. ಭಾವನಿಗೆ ಅದೂ ಗೊತ್ತಿತ್ತು. "ಇಲ್ಲೂ ನಿಷೇಧ, ಈಗ ಮುಗೀತು" ಅಂದರು. ಮೇರಿಲ್ಯಾಂಡ್‌ನ ಮೊದಲ ವಿಶ್ರಾಂತಿ ತಾಣದಲ್ಲಿ ಡಬ್ಬಿ ಮತ್ತೆ ಗಾಜಿಗೆ ಬಂತು.

ಬಾಲ್ಟಿಮೋರ್ ಹತ್ತಿರ, ಊರನ್ನು ಸುತ್ತುವ ಬೆಲ್ಟ್‌ವೇ ಐ-695ರ ಬೋರ್ಡ್ ಕಂಡಾಗ ಅಕ್ಕ ಎದ್ದಿದ್ದಳು. ಆ ರಸ್ತೆಯಲ್ಲೇ 2023ರ ಮಾರ್ಚ್ 22ರಂದು ಕೆಲಸ ನಡೆಯುತ್ತಿದ್ದ ಜಾಗಕ್ಕೆ ಕಾರು ನುಗ್ಗಿ ಆರು ಜನ ಕಾರ್ಮಿಕರು ಸತ್ತಿದ್ದರು. ವಿಪರೀತ ವೇಗದಲ್ಲಿದ್ದ ಎರಡು ಕಾರುಗಳು ಒಂದಕ್ಕೊಂದು ತಗಲಿ ಆದದ್ದು ಅದು. ಆಮೇಲೆ ಮೇರಿಲ್ಯಾಂಡ್‌ನಲ್ಲಿ ಕೆಲಸದ ಜಾಗದ ವೇಗದ ಕ್ಯಾಮೆರಾಗಳ ದಂಡ ಏರಿಸಿದರು. ಆ ಕ್ಯಾಮೆರಾ ಇದೆ ಅಂತ ಮುಂಚೆಯೇ ಬೋರ್ಡ್ ಹಾಕಿರುತ್ತಾರೆ, ಯಾವ ಪೊದೆಯೂ ಇಲ್ಲ. ಅಕ್ಕ ಇದನ್ನೆಲ್ಲ ಹೇಳುತ್ತಿದ್ದಾಗ ಭಾವ ನಿಧಾನ ಮಾಡಿದ್ದು ನಿಜ. ಇಡೀ ದೇಶದಲ್ಲಿ 2022ರಲ್ಲಿ ಅತಿವೇಗ ಸೇರಿದ್ದ ಅಪಘಾತಗಳಲ್ಲಿ ಸತ್ತವರು 12 ಸಾವಿರಕ್ಕೂ ಹೆಚ್ಚು.

ಕಿತ್ತಳೆ ಬಣ್ಣದ ಕೋನ್‌ಗಳು ಮುಗಿದವು. ರಸ್ತೆ ಖಾಲಿ ಆಯಿತು. ಮಿತಿ 65. ಮುಳ್ಳು 80 ದಾಟಿತು. ಡಬ್ಬಿ ಮೌನ.

ಆಮೇಲೆ ಕಿರುಚಿತು. ಈ ಸಲ ಕಿರುಚಿದ್ದು ದೂರದ ಅಲೆಗಲ್ಲ. ಅನುಭವ ಇರುವ ಪೊಲೀಸ್ ರೇಡಾರನ್ನು ಆರಿಸಿಟ್ಟಿರುತ್ತಾರೆ. ಕಾರು ಹತ್ತಿರ ಬಂದಾಗ ಮಾತ್ರ ಬಟನ್ ಒತ್ತುತ್ತಾರೆ. ಡಿಟೆಕ್ಟರ್ ಕೂಗುವುದೂ ಅವರ ಪರದೆಯಲ್ಲಿ ವೇಗ ಮೂಡುವುದೂ ಒಟ್ಟಿಗೇ. ಲೇಸರ್ ಗನ್ ಆದರೆ ಇನ್ನೂ ಕಷ್ಟ. ಅದರ ಕಿರಣ ತೆಳ್ಳಗೆ ನೇರ ನಮ್ಮ ಕಾರಿಗೇ ಬೀಳುತ್ತದೆ, ಗೊತ್ತಾಗುವ ಹೊತ್ತಿಗೆ ಅಳತೆ ಮುಗಿದಿರುತ್ತದೆ. ಹಿಂದೆ ಕೆಂಪು ನೀಲಿ ದೀಪ ಬಂದೇಬಿಟ್ಟಿತು.

ಭಾವ ಕಾರು ಪಕ್ಕಕ್ಕೆ ನಿಲ್ಲಿಸಿ, ಕಿಟಕಿ ಇಳಿಸಿ, ಎರಡೂ ಕೈ ಸ್ಟೀರಿಂಗ್ ಮೇಲೆ ಇಟ್ಟುಕೊಂಡರು. ಇಲ್ಲಿ ಕೈ ಆಡಿಸಬಾರದು, ಎಲ್ಲರೂ ಹೇಳಿಕೊಡುವ ಮೊದಲ ಪಾಠ ಅದು. ಆದರೆ ಹಿಂದಿನ ಕಾರಿನ ರೇಡಾರ್ ಆರಿರಲಿಲ್ಲ. ಹಾಗಾಗಿ ಡಬ್ಬಿ ಬಡಿದುಕೊಳ್ಳುತ್ತಲೇ ಇತ್ತು. ಪೊಲೀಸ್ ಕಿಟಕಿಗೆ ಬಂದು ಲೈಸೆನ್ಸ್ ಕೇಳಿದರು, ಕೀಂ ಕೀಂ. ಎಷ್ಟು ವೇಗದಲ್ಲಿದ್ದಿರಿ ಗೊತ್ತಾ ಅಂದರು, ಕೀಂ ಕೀಂ. ಭಾವನ ಕಿವಿ ಕೆಂಪಾಗಿತ್ತು. ಹಿಂದೆ ಅಕ್ಕನ ಮಗಳು ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು. ಕೊನೆಗೆ ಪೊಲೀಸೇ ಡಬ್ಬಿಯ ಕಡೆ ಕೈ ತೋರಿಸಿ, "ಅದನ್ನು ಆರಿಸಬಹುದು ಸರ್" ಅಂದರು. ಮುಖದಲ್ಲಿ ನಗುವೇ ಇರಲಿಲ್ಲ.

ಟಿಕೆಟ್ ಬರೆದುಕೊಟ್ಟು ಹೋದರು. ದಂಡಕ್ಕಿಂತ ಭಾವನಿಗೆ ಚಿಂತೆ ಇನ್ಶೂರೆನ್ಸಿನದು. ಲೈಸೆನ್ಸಿನ ಮೇಲೆ ತಪ್ಪಿನ ಪಾಯಿಂಟ್ ಬಿದ್ದರೆ ಪ್ರೀಮಿಯಂ ಕೆಲವು ವರ್ಷ ಏರಿಯೇ ಇರುತ್ತದೆ.

"ದುಡ್ಡು ಉಳಿಸೋಕೆ ತಗೊಂಡಿದ್ದು ಅಂದಿರಲ್ಲ?" ಅಕ್ಕ ಅಷ್ಟೇ ಕೇಳಿದ್ದು. ಡೆಲವೇರ್ ಸೇತುವೆ ದಾಟುವ ತನಕ ಯಾರೂ ಮಾತಾಡಲಿಲ್ಲ.

ಎಡಿಸನ್‌ನಲ್ಲಿ ಮರುದಿನ ಹೋಮ ಮುಗಿದು ಊಟಕ್ಕೆ ಕೂತಾಗ ಭಾವ ಇಡೀ ಕಥೆಯನ್ನು ರಸವತ್ತಾಗಿ ಹೇಳಿದರು. ಕೀಂ ಕೀಂ ಸದ್ದನ್ನೂ ಮಾಡಿ ತೋರಿಸಿದರು. ಎಲ್ಲರೂ ಬಿದ್ದು ಬಿದ್ದು ನಕ್ಕರು. ನನ್ನ ವಾದ ಗೆದ್ದಿತು ಅಂದುಕೊಂಡು ಒಬ್ಬಟ್ಟಿಗೆ ತುಪ್ಪ ಹಾಕಿಸಿಕೊಳ್ಳುತ್ತಿದ್ದೆ. ಎದುರು ಸಾಲಿನಲ್ಲಿದ್ದ ಒಬ್ಬರು ನಗು ನಿಲ್ಲಿಸಿ ಕೇಳಿದರು: "ಯಾವ ಮಾಡೆಲ್ ಸರ್ ಅದು?"

"ಅದು ಬೇಡ ಬಿಡಿ, ಅದರ ಮುಂದಿನದು ಬಂದಿದೆ" ಅಂದರು ಭಾವ. ಎಡಗೈಯಲ್ಲಿ ಫೋನ್ ತೆಗೆದು, ಅಲ್ಲೇ ಲಿಂಕ್ ಕಳಿಸಿದರು.