ಬಟನ್ ಯಾರ ಕೈಲಿ? ಹಳೇ ಪೂಲ್ ಲಿಫ್ಟ್ ರಿಪೇರಿಯ ಅನುಭವ

ಬೆಂಗಳೂರಿನಲ್ಲಿ ಆಸ್ಪತ್ರೆ ಮಂಚ, ಫಿಸಿಯೋಥೆರಪಿ ಟೇಬಲ್, ರೋಗಿಗಳನ್ನು ಎತ್ತುವ ಲಿಫ್ಟ್ ಇವುಗಳ ರಿಪೇರಿ ನನ್ನ ಕೆಲಸ. ನಡೆಯಲಾಗದವರನ್ನು ಕುರ್ಚಿಯಲ್ಲಿ ಕೂರಿಸಿ ನೀರಿಗೆ ಇಳಿಸಿ ಎತ್ತುವ ಈಜುಕೊಳದ ಲಿಫ್ಟ್ ನೋಡಿದಾಗ ನನಗೆ ತೀರಾ ಹೊಸತು ಅನಿಸಲಿಲ್ಲ. ಮಂಚದ ತಲೆಭಾಗ ಎತ್ತುವಂಥ ಆಕ್ಚುಯೇಟರೇ ಇದರಲ್ಲೂ ಇತ್ತು. 24 ವೋಲ್ಟ್ ಮೋಟರ್, ಗೇರ್, ಉದ್ದನೆಯ ಸ್ಕ್ರೂ, ಅದರ ಮೇಲೆ ಓಡುವ ನಟ್ಟು, ಎರಡು ತುದಿಗೂ, ಅಲ್ಲಿಗೆ ಬಂದಾಗ ಮೋಟರ್ ನಿಲ್ಲಿಸುವ ಲಿಮಿಟ್ ಸ್ವಿಚ್. ಅದರ ತುದಿಗೆ ಒಂದು ತೋಳು, ತೋಳಿಗೆ ಕುರ್ಚಿ.

ಈ ಲಿಫ್ಟ್ ಬೇಕಾಗಿದ್ದದ್ದು ಒಂದು ಅಪಾರ್ಟ್‌ಮೆಂಟಿನ ಮೇಡಂ ಒಬ್ಬರಿಗೆ. ಹೈಸ್ಕೂಲ್ ಟೀಚರ್. ಅಪಘಾತದಲ್ಲಿ ಬೆನ್ನುಹುರಿಗೆ ಪೆಟ್ಟಾಗಿ, ಸೊಂಟದಿಂದ ಕೆಳಗೆ ಸ್ಪರ್ಶವೂ ಇಲ್ಲ, ಶಕ್ತಿಯೂ ಇಲ್ಲ. ಮೊದಲೆಲ್ಲ ಸೆಕ್ಯುರಿಟಿಯವರು ಎತ್ತಿಕೊಂಡು ನೀರಿಗೆ ಇಳಿಸುತ್ತಿದ್ದರಂತೆ. "ಇಬ್ಬರು ಗಂಡಸರು ನನ್ನನ್ನ ಎತ್ತಿ ಇಳಿಸಬೇಕು ಅಂದ್ರೆ ನಂಗೆ ಈಜೇ ಬೇಡ ಸರ್" ಅಂದರು. ಅಸೋಸಿಯೇಷನ್‌ನವರು ನವೀಕರಣ ಆಗುತ್ತಿದ್ದ ಒಂದು ಹೋಟೆಲಿನಿಂದ ಹಳೇ ಲಿಫ್ಟ್ ಕೊಂಡು, ಯಾರಿಂದಲೋ ಕೂರಿಸಿದ್ದರು. ದೂರು ಏನು ಅಂದರೆ, ಕೆಳಗೆ ಹೋಗುತ್ತೆ, ಮೇಲೆ ಬರುವಾಗ ಅರ್ಧಕ್ಕೆ ನಿಲ್ಲುತ್ತೆ.

ಎಲ್ಲಿ ನಿಲ್ಲುತ್ತೆ ಅನ್ನೋದನ್ನು ಸರಿಯಾಗಿ ನೋಡಬೇಕು. ವಾಚ್‌ಮನ್ ಕೂತು ತೋರಿಸಿದಾಗ, ಅವರ ಸೊಂಟ ನೀರಿನಿಂದ ಹೊರಗೆ ಬರುವ ಹೊತ್ತಿಗೆ ಸರಿಯಾಗಿ ನಿಂತಿತು. ನೀರೊಳಗೆ ಇರುವಾಗ ಮೈಭಾರವನ್ನು ನೀರೇ ಹೊರುತ್ತೆ, ಮೋಟರಿಗೆ ಕೆಲಸ ಕಡಿಮೆ. ನೀರು ಬಿಟ್ಟ ಕ್ಷಣ ಪೂರ್ತಿ ಭಾರ ಮೋಟರ್ ಮೇಲೆ. ಸ್ಕ್ರೂ ಹಿಡಿದುಕೊಂಡಿದ್ದರೆ ಖಾಲಿ ಕುರ್ಚಿಯೂ ಅಲ್ಲಿ ತಡವರಿಸಬೇಕಿತ್ತು, ಆದರೆ ಅದು ಸಲೀಸಾಗಿ ಬಂತು. ಬ್ಯಾಟರಿಗೆ ಮೀಟರ್ ಹಿಡಿದೆ. ಸುಮ್ನೆ ಇದ್ದಾಗ 25 ವೋಲ್ಟ್ ಮೇಲೆ, ಭಾರ ಬಿದ್ದ ತಕ್ಷಣ 20ಕ್ಕಿಂತ ಕೆಳಗೆ. 12 ವೋಲ್ಟಿನ ಎರಡು ಬ್ಯಾಟರಿ ಸಾಲಾಗಿ ಜೋಡಿಸಿದ್ದರು, ಒಂದು ಪೂರ್ತಿ ಸೋತಿತ್ತು. ಇಂಥ ಕಡೆ ಒಂದನ್ನೇ ಬದಲಿಸಬಾರದು. ಹಳೆಯದು ಹೊಸದನ್ನೂ ಬೇಗ ಹಾಳು ಮಾಡುತ್ತೆ. ಎರಡನ್ನೂ ಹೊಸದು ಹಾಕಿದೆ. ಲಿಫ್ಟ್ ಮೇಲೆ ಬಂತು. ಎಲ್ಲರೂ ಚಪ್ಪಾಳೆ ತಟ್ಟಿದರು.

ನಾನು ಬಿಲ್ ಬರೆಯಲಿಲ್ಲ. ಮೇಡಂ ಅವರನ್ನು ಕೂರಿಸುವುದೂ ಬೇಡ ಅಂದೆ. ಮೇಲೆ ಬರೋದು ಬ್ಯಾಟರಿ ಪ್ರಶ್ನೆ. ಅವರು ಒಬ್ಬರೇ ಹೋಗಿ ಒಬ್ಬರೇ ಬರಬಹುದಾ ಅನ್ನೋದು ಬೇರೆ ಪ್ರಶ್ನೆ. ನನ್ನ ಮಟ್ಟಿಗೆ ಆ ಎರಡನೆಯದಕ್ಕೆ ಉತ್ತರ ಸಿಗುವವರೆಗೆ ರಿಪೇರಿ ಮುಗಿದಿಲ್ಲ.

ಮೊದಲು ಬುಡ. ಬೋಲ್ಟುಗಳನ್ನು ಕೊಳದ ಅಂಚಿನ ಟೈಲ್ಸ್ ಮೇಲೆ ಹೊಡೆದಿದ್ದರು. ಅದರ ಕೆಳಗೆ ನೀರು ತುಂಬಿ ಹರಿಯುವ ಚಾನೆಲ್, ಅಲ್ಲಿ ಕಾಂಕ್ರೀಟ್ ತೆಳು. ತೋಳು ಹೊರಗೆ ಚಾಚಿದಾಗ ಬುಡಕ್ಕೆ ಬೀಳುವುದು ಬರೀ ತೂಕವಲ್ಲ, ಕಿತ್ತುಹಾಕುವ ಎಳೆತ. ಟೈಲ್ಸ್ ಒಡೆಸಿ, ಇನ್ನಷ್ಟು ಹಿಂದಕ್ಕೆ ಕಂಬಿ ಕಟ್ಟಿ ಹೊಸ ಕಾಂಕ್ರೀಟ್ ಹಾಕಿಸಿದೆವು. ಬುಡದ ಸ್ಟೀಲನ್ನು ಕೊಳದ ಅರ್ಥಿಂಗ್‌ಗೆ ಸೇರಿಸಿದೆವು. ಮೇಸ್ತ್ರಿ ಬೇಜಾರು ಮಾಡಿಕೊಳ್ಳದೆ ಕೇಳಿದ್ದಕ್ಕಿಂತ ಜಾಸ್ತಿ ದಿನ ಕ್ಯೂರಿಂಗ್‌ಗೆ ಬಿಟ್ಟರು. ಅವರಿಗೆ ನಾನು ಋಣಿ.

ಇನ್ನು ತುಕ್ಕು. ಕ್ಲೋರಿನ್ ಗಾಳಿಗೆ 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಕೂಡ ಕಂದು ಚುಕ್ಕೆ ಹಿಡಿಯುತ್ತೆ, 316 ಜಾಸ್ತಿ ತಡೆಯುತ್ತೆ. ಸೀಟಿನ ಬೋಲ್ಟೆಲ್ಲ 316 ಹಾಕಿದೆ. ಬಣ್ಣ ಬಳಿದ ಹಳೇ ವೆಲ್ಡಿಂಗ್ ನಂಬಬೇಡಿ. ಬಣ್ಣ ಕೆರೆದು, ಕೆಂಪು ಡೈ ಹಚ್ಚಿ, ಒರೆಸಿ, ಬಿಳಿ ಡೆವಲಪರ್ ಸ್ಪ್ರೇ ಮಾಡಿದರೆ ಬಿರುಕು ಇದ್ದಲ್ಲಿ ಕೆಂಪು ಗೆರೆ ಎದ್ದು ಕಾಣುತ್ತೆ. ಇಲ್ಲಿ ಬಿರುಕಿರಲಿಲ್ಲ. ಆಕ್ಚುಯೇಟರ್ ಒಳಗಿನ ಗ್ರೀಸು ಮಾತ್ರ ಬೆಳ್ಳಗಾಗಿತ್ತು, ಅಂದರೆ ಸೀಲ್ ಮೂಲಕ ನೀರು ಹೋಗಿದೆ. ಸೀಲ್ ಬದಲಿಸಿದೆ, ನಟ್ಟು ಸವೆದಿಲ್ಲ ಅಂತ ಅಲುಗಾಡಿಸಿ ನೋಡಿದೆ.

ಭಾರದ ಪರೀಕ್ಷೆಗೆ ಅಮೆರಿಕದ ಎಡಿಎ (ಅಂಗವಿಕಲರ ಹಕ್ಕುಗಳ) ಕಾಯ್ದೆಯ 2010ರ ಮಾನದಂಡ ಹಿಡಿದೆ. ಒಬ್ಬರು ಕೂರುವ ಪೂಲ್ ಲಿಫ್ಟ್ ಕನಿಷ್ಠ 136 ಕೆಜಿ ಹೊರಬೇಕು, ನಿಂತ ಜಾಗದಲ್ಲಿ ಅದರ ಒಂದೂವರೆ ಪಟ್ಟು ತಡೆಯಬೇಕು. ಅಂದರೆ ಸುಮಾರು 204 ಕೆಜಿ. 50 ಕೆಜಿಯ ನಾಲ್ಕು ಮರಳು ಮೂಟೆ ಬಿಗಿದು ಕಟ್ಟಿ, ಮೇಲೊಂದು ಸಣ್ಣ ಚೀಲ ಇಟ್ಟೆವು. ಕುರ್ಚಿ ಕದಲಲಿಲ್ಲ.

ಆಮೇಲೆ ಮೇಡಂ ಅವರನ್ನು ಕರೆದು, ನೀರಿಗೆ ಇಳಿಸದೆ, ಬರೀ ಗಾಲಿಕುರ್ಚಿಯಿಂದ ಸೀಟಿಗೆ ದಾಟಿ ತೋರಿಸಿ ಅಂದೆ. ನನ್ನ ಲಿಸ್ಟಿನಲ್ಲಿ ಇಲ್ಲದ್ದೆಲ್ಲ ಅಲ್ಲಿ ಕಂಡಿತು. ಸೀಟು ಅವರ ಕುರ್ಚಿಗಿಂತ ಎತ್ತರ ನಿಲ್ಲುತ್ತಿತ್ತು. ಮಾನದಂಡ ಹೇಳುವುದು ನೆಲದಿಂದ 16ರಿಂದ 19 ಇಂಚು. ಲಿಮಿಟ್ ಸ್ವಿಚ್ ಸರಿಸಿ ಅವರ ಕುರ್ಚಿಯ ಮಟ್ಟಕ್ಕೆ ತಂದೆ. ಸೀಟಿನಲ್ಲಿ ನೀರಿಲ್ಲದ ಕಡೆಯ ಆರ್ಮ್‌ರೆಸ್ಟ್ ದಾರಿಗೆ ಅಡ್ಡ ಬರುತ್ತಿತ್ತು, ಅದನ್ನು ಮೇಲಕ್ಕೆ ಮಡಚುವ ಹಾಗೆ ಮಾಡಿದೆ. ಅದೇ ಬದಿಯಲ್ಲಿ ಹೂಕುಂಡಗಳಿದ್ದವು, ತೆಗೆಸಿದೆವು.

ನನ್ನನ್ನು ಜಾಸ್ತಿ ಹೆದರಿಸಿದ್ದು ಸೀಟಿನ ಹಿಂದಿನ ಅಂಚು. ಕೈಯಾಡಿಸಿದರೆ ಪ್ಲಾಸ್ಟಿಕ್ ಸೀಳಿ ಚೂಪಾಗಿತ್ತು. ವಾಚ್‌ಮನ್‌ಗೆ ಚುಚ್ಚಿದರೆ ಅವರು ತಕ್ಷಣ ಸರಿದು ಕೂರುತ್ತಾರೆ. ಮೇಡಂ ಅವರಿಗೆ ಚುಚ್ಚಿದ್ದೇ ಗೊತ್ತಾಗುವುದಿಲ್ಲ. ಸಣ್ಣ ಗೀರು ಒತ್ತುಹುಣ್ಣಾದರೆ ವಾಸಿಯಾಗಲು ತಿಂಗಳುಗಟ್ಟಲೆ ಹಿಡಿಯಬಹುದು. ನಮ್ಮ ಕಸುಬಿನವರು ಮೋಟರ್ ನೋಡುವಷ್ಟೇ ಗಮನ ಕೊಟ್ಟು ಸೀಟನ್ನೂ ನೋಡಬೇಕು ಅಂತ ನಾನು ಗಟ್ಟಿಯಾಗಿ ಹೇಳುತ್ತೇನೆ. ಅಂಚು ಉಜ್ಜಿ ಸಾಲದು ಅನಿಸಿ ಸೀಟನ್ನೇ ಬದಲಿಸಿದೆ, ಮೇಲೆ ನೀರು ಹೀರದ ಫೋಮ್ ಹಾಸಿದೆ. ತಣ್ಣೀರು ತಾಗಿದಾಗ ಅವರ ಕಾಲುಗಳು ತಾವಾಗಿಯೇ ಸೆಟೆದು ಒದೆಯುತ್ತವಂತೆ. ಅದಕ್ಕೆ ಪಾದದ ಹಲಗೆಗೆ ಅಗಲ ಪಟ್ಟಿ.

ಕೊನೆಗೆ ರಿಮೋಟ್. ಅದು ಕಂಬಕ್ಕೆ ನೇತಾಡುತ್ತಿತ್ತು. ದಡದಲ್ಲಿ ನಿಂತವರಿಗೆ ಮಾತ್ರ ಸಿಗುತ್ತಿತ್ತು. ನೀರಲ್ಲಿರುವವರಿಗೆ ಕುರ್ಚಿಯನ್ನು ಕೆಳಗೆ ಕರೆಯಲು ದಾರಿ ಇಲ್ಲ. ಹಾಗಾದರೆ ಮತ್ತೆ ಯಾರದೋ ಕೈ ಕಾಯಬೇಕು, ಅಲ್ವಾ? ನೀರು ನುಗ್ಗದ ರಿಮೋಟಿಗೆ ಉದ್ದ ತಂತಿ ಹಾಕಿ, ಸೀಟಿನಿಂದಲೂ ನೀರಿನಿಂದಲೂ ಕೈಗೆಟಕುವ ಹಾಗೆ ಹುಕ್ ಕೊಟ್ಟೆ.

ಮೊದಲ ಸಲ ಇಳಿದಾಗ ಅವರ ಅಕ್ಕ ಕೊಳದೊಳಗೆ ಪಕ್ಕದಲ್ಲಿದ್ದರು. ಬಟನ್ ಒತ್ತಿದ್ದು ಮೇಡಂ. ಸೀಟು 18 ಇಂಚು ನೀರೊಳಗೆ ಹೋದಾಗ ಮೈ ಹಗುರಾಗಿ ತೇಲಿತು. ಬೆಲ್ಟ್ ತಾವೇ ಬಿಚ್ಚಿ ಕೈಬೀಸಿ ಈಜಿದರು. ಸಾಕು ಅನಿಸಿದಾಗ ತಾವೇ ಕುರ್ಚಿ ಕರೆದು ಮೇಲೆ ಬಂದರು.

ಬ್ಯಾಟರಿಯನ್ನು ಬಿಚ್ಚಿ ಸ್ಟೋರ್ ರೂಮಿನಲ್ಲೇ ಚಾರ್ಜ್ ಮಾಡಬೇಕು, ಕೊಳದ ಬಳಿ ಚಾರ್ಜರ್ ತರಬಾರದು ಅಂತ ಬರೆದು ಅಂಟಿಸಿದ್ದೇನೆ. ಇನ್ನು ಶವರ್ ರೂಮಿನ ಬಾಗಿಲಲ್ಲಿ ಆರು ಇಂಚಿನ ಮೆಟ್ಟಿಲಿದೆ. 1:12 ಇಳಿಜಾರಿನ, ಅಂದರೆ ಒಂದು ಇಂಚು ಎತ್ತರಕ್ಕೆ ಹನ್ನೆರಡು ಇಂಚು ಉದ್ದದ ಲೆಕ್ಕದಲ್ಲಿ ಅಲ್ಲಿಗೆ ಆರು ಅಡಿ ಉದ್ದದ ರ‍್ಯಾಂಪ್ ಬೇಕು. ಅಳತೆ ಬರೆದು ಅಸೋಸಿಯೇಷನ್‌ಗೆ ಕೊಟ್ಟಿದ್ದೇನೆ, ಅದೇ ಮೇಸ್ತ್ರಿಗೂ ಹೇಳಿಟ್ಟಿದ್ದೇನೆ.