ಮೂರರಲ್ಲಿ ಒಂದು ವರ

ಗನ್‌ಫೈರ್ ರಿಬಾರ್ನ್ ಎಂಬ ವಿಡಿಯೋ ಆಟದಲ್ಲಿ ಗುರಿಯಿಟ್ಟು ಹೊಡೆಯುವುದಕ್ಕಿಂತ ಕಷ್ಟದ ಕೆಲಸವೆಂದರೆ ಮೂರರಲ್ಲಿ ಒಂದನ್ನು ಆರಿಸುವುದು. ಶತ್ರುಗಳೆಲ್ಲ ಬಿದ್ದ ಮೇಲೆ ಒಂದು ಪಾನಪಾತ್ರೆ ಎದುರಾಗುತ್ತದೆ. ಅದನ್ನು ಮುಟ್ಟಿದರೆ ಪರದೆಯ ಮೇಲೆ ಮೂರು ವರಗಳು ತೆರೆದುಕೊಳ್ಳುತ್ತವೆ. ಒಂದನ್ನು ತೆಗೆದುಕೊಂಡರೆ ಉಳಿದೆರಡು ಮಾಯವಾಗುತ್ತವೆ. ಕಳೆದ ಮಳೆಗಾಲದ ಒಂದು ಭಾನುವಾರ, ಶಿವಮೊಗ್ಗದ ಮನೆಯಲ್ಲಿ ನಾನು, ಬರ್ಲಿನ್‌ನ ತನ್ನ ಕೋಣೆಯಲ್ಲಿ ನನ್ನ ತಂಗಿ, ಅಂಥದೊಂದು ಪಾತ್ರೆಯ ಮುಂದೆ ನಿಂತು ಬಹಳ ಹೊತ್ತು ವಾದ ಮಾಡಿದೆವು. ನನಗೆ ರಾತ್ರಿ ಎಂಟು ಗಂಟೆ, ಅವಳಿಗೆ ಸಂಜೆ ನಾಲ್ಕೂವರೆ. ಅಮ್ಮ ಊಟಕ್ಕೆ ಕರೆದು ಹೋಗಿದ್ದರು. ಆದರೂ ನಮ್ಮ ಮಾತು ಮುಗಿದಿರಲಿಲ್ಲ.

ನನ್ನ ಮುಂದಿದ್ದ ವರಗಳಲ್ಲಿ ಒಂದು ನನ್ನ ಪಾತ್ರ ಎಸೆಯುವ ಆಮ್ಲದ ಹೊಗೆಯನ್ನು ಬಲಪಡಿಸುವಂಥದ್ದು, ಇನ್ನೊಂದು ಬಂದೂಕಿನ ಹೊಡೆತವನ್ನು ಹೆಚ್ಚಿಸುವಂಥದ್ದು, ಮೂರನೆಯದು ಜೀವಕ್ಕಿಂತ ಮೊದಲು ಪೆಟ್ಟು ತಿನ್ನುವ ರಕ್ಷಣೆಯಾದ ಶೀಲ್ಡ್ ಅನ್ನು ಹಿಗ್ಗಿಸುವಂಥದ್ದು. ಕೈಯಲ್ಲಿದ್ದ ಬಂದೂಕು ಚೆನ್ನಾಗಿಯೇ ಇತ್ತು.

“ಅಣ್ಣಾ, ಹೊಗೆಯನ್ನೇ ತೆಗೆದುಕೋ. ಬಂದೂಕು ಇವತ್ತು ಇರುತ್ತದೆ, ಮುಂದಿನ ಪೆಟ್ಟಿಗೆಯಲ್ಲಿ ಬೇರೆ ಸಿಗುತ್ತದೆ. ಹೊಗೆ ಕೊನೆಯವರೆಗೂ ನಿನ್ನ ಜೊತೆಗಿರುತ್ತದೆ” ಎಂದಳು ತಂಗಿ.

ಈ ಮಾತಿನಲ್ಲಿ ಇಡೀ ಆಟದ ತರ್ಕವಿದೆ. ವೇಗದ ಶೂಟರ್, ಅಂದರೆ ಗುಂಡು ಹಾರಿಸುವ ಆಟ, ಎಂದ ಕೂಡಲೇ ಬೆರಳಿನ ಚುರುಕು, ಕಣ್ಣಿನ ಚುರುಕು ಎಂದು ಹೊರಗಿನವರು ತಿಳಿಯುತ್ತಾರೆ. ಅವೂ ಬೇಕು. ಆದರೆ ಈ ಬಗೆಯ ಆಟ ಜನರನ್ನು ವರ್ಷಗಟ್ಟಲೆ ಹಿಡಿದಿಡುವುದು ಇಂಥ ನಿಲುಗಡೆಗಳಿಂದ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಆಟದ ಪರಿಚಯ ಇಲ್ಲದವರಿಗೆ ಎರಡು ಮಾತು. ಇದನ್ನು ಮಾಡಿದ್ದು ಚೀನಾದ ಡುವೊಯಿ ಕಂಪನಿ. 2020ರ ಮೇ ತಿಂಗಳಲ್ಲಿ ಇನ್ನೂ ಅರ್ಧ ಸಿದ್ಧವಾಗಿದ್ದಾಗಲೇ ಮಾರಾಟಕ್ಕೆ ಬಂದು, ಆಟಗಾರರ ಕೈಯಲ್ಲಿ ಪಳಗುತ್ತಾ, 2021ರ ನವೆಂಬರ್‌ನಲ್ಲಿ ಪೂರ್ಣ ರೂಪ ಪಡೆಯಿತು. ನಾಯಕರೆಲ್ಲ ಎರಡು ಕಾಲಿನ ಮೇಲೆ ನಡೆಯುವ ಪ್ರಾಣಿಗಳು. ಯುವರಾಜ ಒಂದು ಬೆಕ್ಕು. ಆವೊ ಬಾಯಿ ನಾಯಿ. ಲೇ ಲುವೊ ಹುಲಿ. ಇನ್ನು ಹಕ್ಕಿ, ಮೊಲ, ಆಮೆಗಳೂ ಇವೆ. ನಾಲ್ಕು ಜನರವರೆಗೆ ಒಟ್ಟಿಗೆ ಆಡಬಹುದು. ಲಾಂಗ್‌ಲಿಂಗ್ ಸಮಾಧಿಯಿಂದ ಹೊರಟು, ಆನ್‌ಶಿ ಮರುಭೂಮಿಯನ್ನು ದಾಟಿ, ಡುವೊ ಎಂಬ ಕಡಲ ಕಣಿವೆಯನ್ನು ಹಾದು, ಹಿಮದ ನಾಡನ್ನು ತಲುಪಬೇಕು. ನಡುವೆ ಎಲ್ಲಿ ಸತ್ತರೂ ಆ ಸುತ್ತಿನಲ್ಲಿ ಗಳಿಸಿದ ಬಂದೂಕು, ವರ, ನಾಣ್ಯ ಎಲ್ಲವೂ ಹೋಗುತ್ತವೆ. ಸಮಾಧಿಯ ಬಾಗಿಲಿನಿಂದಲೇ ಮತ್ತೆ ಹೊರಡಬೇಕು. ಪ್ರತಿ ಸಲವೂ ಕೋಣೆಗಳ ಕ್ರಮ, ಸಿಗುವ ವಸ್ತು, ಎದುರಾಗುವ ಶತ್ರು ಬದಲಾಗುತ್ತವೆ.

ಸತ್ತರೆ ಮೊದಲಿನಿಂದ ಹೊರಡಬೇಕಾದ ಇಂಥ ಆಟಗಳ ವಂಶದ ಮೂಲಪುರುಷ 1980ರ ಹೊತ್ತಿನ ‘ರೋಗ್’. ಕ್ಯಾಲಿಫೋರ್ನಿಯಾದ ವಿದ್ಯಾರ್ಥಿಗಳಾಗಿದ್ದ ಮೈಕೆಲ್ ಟಾಯ್ ಮತ್ತು ಗ್ಲೆನ್ ವಿಚ್‌ಮನ್ ಶುರು ಮಾಡಿದ ಆಟ. ಅದರಲ್ಲಿ ಚಿತ್ರವೇ ಇರಲಿಲ್ಲ. ಗೋಡೆ, ಬಾಗಿಲು, ರಾಕ್ಷಸ ಎಲ್ಲವೂ ಕೀಲಿಮಣೆಯ ಅಕ್ಷರ ಮತ್ತು ಚಿಹ್ನೆಗಳು. 2008ರಲ್ಲಿ ಇಂಥ ಆಟಗಳನ್ನು ರೂಪಿಸುವವರು ಒಂದು ಸಮ್ಮೇಳನದಲ್ಲಿ ಸೇರಿ ಇದರ ಲಕ್ಷಣಗಳನ್ನು ಪಟ್ಟಿ ಮಾಡಿದ್ದು ನನ್ನ ತಂಗಿ ಈಗ ಇರುವ ಬರ್ಲಿನ್‌ನಲ್ಲೇ. ಆ ಪಟ್ಟಿಯಲ್ಲಿ ಒಂದು ಮುಖ್ಯ ಲಕ್ಷಣ ಸರದಿ: ನೀವು ಒಂದು ಹೆಜ್ಜೆ ಇಟ್ಟ ಮೇಲೆ ಶತ್ರು ಒಂದು ಹೆಜ್ಜೆ ಇಡುತ್ತಾನೆ. ನಡುವೆ ನೀವು ಎಷ್ಟು ಹೊತ್ತು ಯೋಚಿಸಿದರೂ ಜಗತ್ತು ಕಾಯುತ್ತದೆ.

ಶೂಟರ್ ಕಾಯುವುದಿಲ್ಲ. 1993ರ ‘ಡೂಮ್’ ಕಾಲದಿಂದಲೂ ಅದರ ಸುಖ ನಿಲ್ಲದೆ ಓಡುವುದರಲ್ಲಿದೆ. ಹಾಗಾದರೆ ಯೋಚಿಸಲು ಬಿಡುವ ಆಟವನ್ನೂ ಯೋಚಿಸಲು ಬಿಡದ ಆಟವನ್ನೂ ಸೇರಿಸಿ ಹೊಲಿದರೆ ಹರಿದುಹೋಗಬೇಕಲ್ಲವೇ? ಹರಿಯಲಿಲ್ಲ. ಏಕೆಂದರೆ ಇಲ್ಲಿ ಸಮಯವನ್ನೇ ಎರಡಾಗಿ ಸೀಳಿದ್ದಾರೆ. ಕೋಣೆಯೊಳಗೆ ಒಂದು ಕ್ಷಣವೂ ಪುರುಸೊತ್ತಿಲ್ಲ. ಕೋಣೆ ಮುಗಿದ ಮೇಲೆ ಯಾರ ಅವಸರವೂ ಇಲ್ಲ. ಒಳಗೆ ಬೆರಳುಗಳು ತಾವಾಗಿ ಮಾಡುವುದನ್ನು ಹೊರಗೆ ನಿಂತಾಗ ತಲೆ ನಿರ್ಧರಿಸಿರುತ್ತದೆ. ನಾನು ಆರಿಸಿದ ವರ ಸರಿಯೋ ಅಲ್ಲವೋ ಎಂಬುದಕ್ಕೆ ಉತ್ತರ ಮುಂದಿನ ಕೋಣೆಯಲ್ಲೇ, ಅದೂ ಬಾಗಿಲು ದಾಟಿದ ಕೆಲವೇ ಕ್ಷಣಗಳಲ್ಲಿ ಸಿಗುತ್ತದೆ.

ಆ ಸಂಜೆಯ ಸುತ್ತು ಮೊದಲು ನೀರಸವಾಗಿಯೇ ಇತ್ತು. ನಾನು ಯುವರಾಜ, ತಂಗಿ ಲೇ ಲುವೊ. ಸಮಾಧಿಯ ಪೆಟ್ಟಿಗೆಗಳಲ್ಲಿ ನಮಗೆ ಹೊಂದುವಂಥದ್ದೇನೂ ಸಿಗಲಿಲ್ಲ. ಹತ್ತಿರದಿಂದ ಹೊಡೆಯುವ ಶಾಟ್‌ಗನ್ ಅವಳಿಗೆ ಇಷ್ಟವಿಲ್ಲ, ಅವಳಿಗೆ ಅದೇ ಬಂತು. ರಮ್ಮಿಯಲ್ಲಿ ಹದಿಮೂರು ಎಲೆ ಕೈಗೆ ಬಂದ ಮೇಲೆ, ಬಯಸಿದ ಸೀಕ್ವೆನ್ಸ್ ಮರೆತು ಬಂದ ಎಲೆಗಳಲ್ಲಿ ಏನಾಗುತ್ತದೆ ಎಂದು ಹುಡುಕುತ್ತೇವಲ್ಲ, ಹಾಗೆ ಅವಳು ತನ್ನ ಆಟದ ರೀತಿಯನ್ನೇ ಬದಲಿಸಿದಳು. ದೂರದಲ್ಲಿ ನಿಂತು ಮಿಂಚು ಬಿಡುವವಳು ಈಗ ಡ್ಯಾಶ್ ಮಾಡಿ, ಅಂದರೆ ಒಂದೇ ನೆಗೆತಕ್ಕೆ ಮುನ್ನುಗ್ಗಿ, ಶತ್ರುವಿನ ಮೂಗಿನ ಮುಂದೆ ಹೋಗಿ ನಿಲ್ಲತೊಡಗಿದಳು. ಸಮಾಧಿಯ ಕಾವಲಿಗ ಲು ವುವನ್ನು ಹೀಗೆಯೇ ಮುಗಿಸಿದೆವು. ತನಗೆ ಒಗ್ಗದ ಬಂದೂಕಿನಿಂದ ಆಡಿದ್ದರಿಂದಲೇ ಅವಳಿಗೆ ಆ ಕಾಳಗ ಹೊಸದಾಗಿ ಕಂಡಿತು. ನನಗೆ ಈ ಪ್ರಕಾರದ ಆಟಗಳ ಮೇಲೆ ಗೌರವ ಹುಟ್ಟುವುದೂ ಇಂಥ ಕಡೆಗಳಲ್ಲೇ. ಬೇರೆ ಶೂಟರ್‌ಗಳಲ್ಲಿ ಇಷ್ಟವಾದ ಒಂದು ಬಂದೂಕನ್ನು ಹಿಡಿದರೆ ಕೊನೆಯವರೆಗೂ ಅದೇ. ಉಳಿದ ಇಪ್ಪತ್ತು ಬಂದೂಕುಗಳನ್ನು ಯಾರೋ ಶ್ರಮಪಟ್ಟು ಮಾಡಿದ್ದು ವ್ಯರ್ಥ. ಇಲ್ಲಿ ಅದೃಷ್ಟ ನಮ್ಮ ಅಭ್ಯಾಸವನ್ನು ಮುರಿದು, ನೋಡದೆ ಬಿಟ್ಟದ್ದನ್ನು ಕೈಗಿಡುತ್ತದೆ.

ಮರುಭೂಮಿಗೆ ಬಂದ ಮೇಲೆ ಹೊಗೆಯ ವರ ಫಲ ಕೊಡತೊಡಗಿತು. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಶತ್ರುವಿನ ತಲೆಯ ಮೇಲಿನ ಪಟ್ಟಿಯ ಬಣ್ಣ ನೋಡಿದರೆ ಅವನ ರಕ್ಷಣೆ ಯಾವುದೆಂದು ತಿಳಿಯುತ್ತದೆ. ನೀಲಿ ಇದ್ದರೆ ಶೀಲ್ಡ್, ಅದಕ್ಕೆ ಮಿಂಚು ಮದ್ದು. ಹಳದಿ ಇದ್ದರೆ ಕವಚ, ಅದನ್ನು ಆಮ್ಲ ತಿನ್ನುತ್ತದೆ. ಕೆಂಪು ಬರಿಯ ಮೈ, ಅದಕ್ಕೆ ಬೆಂಕಿ. ಇಷ್ಟೇ ಆಗಿದ್ದರೆ ಕಲಿತು ಒಪ್ಪಿಸುವ ಪಾಠವಾಗುತ್ತಿತ್ತು. ಆದರೆ ಒಬ್ಬನೇ ಶತ್ರುವಿನ ಮೈಮೇಲೆ ಎರಡು ಗುಣಗಳು ಕೂಡಿದರೆ ಮೂರನೆಯದೊಂದು ಹುಟ್ಟುತ್ತದೆ. ಬೆಂಕಿಗೆ ಆಮ್ಲ ಸೇರಿದರೆ ಸ್ಫೋಟ, ಅಕ್ಕಪಕ್ಕದವರಿಗೂ ಪೆಟ್ಟು. ಆಮ್ಲಕ್ಕೆ ಮಿಂಚು ಸೇರಿದರೆ ವಿಷಗಾಳಿ, ಶತ್ರುವಿನ ಜೀವವನ್ನು ಅದು ಬಿಡದೆ ಕೊರೆಯುತ್ತದೆ. ಬೆಂಕಿಗೆ ಮಿಂಚು ಸೇರಿದರೆ ಶತ್ರು ವಶವಾಗಿ ತನ್ನವರ ಮೇಲೆಯೇ ತಿರುಗಿ ಬೀಳುತ್ತಾನೆ.

ನಾನು ಹೊಗೆ ಎಸೆಯುತ್ತಿದ್ದೆ, ಅದರೊಳಗೆ ಸಿಕ್ಕವರ ಮೇಲೆ ಅವಳ ಮಿಂಚು ಒಬ್ಬನಿಂದ ಇನ್ನೊಬ್ಬನಿಗೆ ಹಾರುತ್ತಿತ್ತು. ಹೊಗೆ, ಮಿಂಚು, ವಿಷ. ಮೊದಮೊದಲು “ಎಸೆದೆ” ಎಂದು ನಾನು ಕೂಗಬೇಕಿತ್ತು. ಒಂದೆರಡು ಕೋಣೆ ಕಳೆಯುವಷ್ಟರಲ್ಲಿ ಕೂಗುವ ಅಗತ್ಯ ಉಳಿಯಲಿಲ್ಲ. ನನ್ನ ಕೈ ಮೇಲೆದ್ದ ಕೂಡಲೇ ಅವಳ ಹುಲಿ ಆ ಕಡೆಗೆ ತಿರುಗಿರುತ್ತಿತ್ತು. ಮರುಭೂಮಿಯ ಕೊನೆಯ ಹೊತ್ತಿಗೆ ನನಗೊಂದು ಬೆಂಕಿಯ ಬಂದೂಕು ಸಿಕ್ಕಿತು. ಈಗ ಕೋಣೆಯೊಳಗೆ ಹೊಕ್ಕರೆ ಪೆಟ್ಟಿನ ಲೆಕ್ಕ ತೋರಿಸುವ ಮೂರೂ ಬಣ್ಣದ ಅಂಕಿಗಳು ಪರದೆಯ ತುಂಬ ಚಿಮ್ಮುತ್ತಿದ್ದವು. ಶತ್ರುಗಳು ತಮ್ಮೊಳಗೆ ಹೊಡೆದಾಡಿಕೊಳ್ಳುತ್ತಿದ್ದರು, ಮೂಲೆಯಲ್ಲಿ ಒಬ್ಬ ಸಿಡಿದರೆ ಅವನ ಜೊತೆ ಇನ್ನಿಬ್ಬರು ಹೋಗುತ್ತಿದ್ದರು. ಒಂದು ಗಂಟೆಯ ಹಿಂದೆ ಇಬ್ಬರೂ ಗೋಡೆಯ ಮರೆಯಲ್ಲಿ ಅಡಗಿ ಆಡುತ್ತಿದ್ದವರು ಈಗ ನಡುಬಯಲಿಗೆ ಹಾರಿ ಬೀಳುತ್ತಿದ್ದೆವು. ಈ ಬಲವನ್ನು ಆಟ ನಮಗೆ ದಾನ ಕೊಟ್ಟಿರಲಿಲ್ಲ. ಸಿಕ್ಕ ಚೂರುಗಳಿಂದ ನಾವೇ ಜೋಡಿಸಿಕೊಂಡಿದ್ದೆವು, ಅದರ ಒಂದೊಂದು ಚೂರು ಯಾವ ಪಾತ್ರೆಯಿಂದ, ಯಾವ ಪೆಟ್ಟಿಗೆಯಿಂದ ಬಂತೆಂದು ಇಬ್ಬರಿಗೂ ನೆನಪಿತ್ತು.

ಇಷ್ಟು ಗದ್ದಲದಲ್ಲಿಯೂ ಏನಾಗುತ್ತಿದೆ ಎಂದು ತಿಳಿಯುವುದು ಮಾಡಿದವರ ಕುಶಲತೆ. ಶತ್ರು ಹೊಡೆಯುವ ಮುಂಚೆ ಒಂದು ಸೂಚನೆ ಕೊಡುತ್ತಾನೆ: ಮೈ ಹಿಂದಕ್ಕೆ ಬಾಗುತ್ತದೆ, ಆಯುಧ ಮಿನುಗುತ್ತದೆ. ಅವರು ಎಸೆಯುವ ಬೆಂಕಿಯುಂಡೆಗಳಲ್ಲಿ ಬಹಳಷ್ಟು ಕಣ್ಣಿಗೆ ಕಾಣುವಷ್ಟು ನಿಧಾನವಾಗಿ ಬರುತ್ತವೆ, ಪಕ್ಕಕ್ಕೆ ಜಿಗಿದು ತಪ್ಪಿಸಿಕೊಳ್ಳಬಹುದು. ಹೊಡೆತ ತಿನ್ನದೆ ಸ್ವಲ್ಪ ಹೊತ್ತು ಕಳೆದರೆ ನಮ್ಮ ಶೀಲ್ಡ್ ತಾನಾಗಿ ತುಂಬಿಕೊಳ್ಳುತ್ತದೆ. ಹಾಗಾಗಿ ನುಗ್ಗು, ಹೊಡೆ, ಸರಿ, ಮತ್ತೆ ನುಗ್ಗು ಎಂಬ ಲಯ ಮೈಗೆ ಹತ್ತುತ್ತದೆ. ವೇಗದ ಆಟ ನ್ಯಾಯವಾಗಿರಬೇಕಾದರೆ ಇದು ಇರಲೇಬೇಕು. ಎಲ್ಲಿಂದ ಬಂತೆಂದು ತಿಳಿಯದ ಗುಂಡಿಗೆ ಸತ್ತರೆ ಕೋಪ ಬರುತ್ತದೆ, ಕಣ್ಣೆದುರೇ ಬಂದದ್ದಕ್ಕೆ ಸತ್ತರೆ ಇನ್ನೊಂದು ಸಲ ಆಡಬೇಕೆನಿಸುತ್ತದೆ.

ಬರಿಯ ಓಟದ ಸುಖ ಬೇಕಾದವರಿಗೆ ನಾನು ಹೇಳುವುದು ಫ್ರಾನ್ಸಿನ ರೈಸಪ್ ಸ್ಟುಡಿಯೋಸ್‌ನವರ ‘ರೋಬೊಕ್ವೆಸ್ಟ್’. 2023ರ ನವೆಂಬರ್‌ನಲ್ಲಿ ಪೂರ್ಣಗೊಂಡ ಈ ಆಟದಲ್ಲಿ ನೀವು ರೋಬೋ. ಕಂಬಿಗಳ ಮೇಲೆ ಜಾರುತ್ತಾ, ಗಾಳಿಯಲ್ಲೇ ತಿರುಗಿ ಗುಂಡು ಹಾರಿಸುತ್ತಾ ಹೋಗಬಹುದು. ಚಲನೆಯಲ್ಲಿ ಗನ್‌ಫೈರ್ ರಿಬಾರ್ನ್ ಅದಕ್ಕೆ ಸಮನಲ್ಲ. ಆದರೆ ಆಟ ಮುಗಿಸಿ ಮಲಗಿದ ಮೇಲೂ ಆರಿಸದೆ ಬಿಟ್ಟ ವರದ ಬಗ್ಗೆ ಯೋಚಿಸುವಂತೆ ಮಾಡುವುದು ನನ್ನ ಮಟ್ಟಿಗೆ ಇದೇ.

ಕಡಲ ಕಣಿವೆಯನ್ನು ಹೊಕ್ಕಾಗ ಮಳೆ ಜೋರಾಗಿ ಕರೆಂಟ್ ಹೋಯಿತು. ಯುಪಿಎಸ್ ಕೈಬಿಡಲಿಲ್ಲ. ಅಮ್ಮ ಟಾರ್ಚ್ ಹಿಡಿದು ಬಂದು ನನ್ನ ಹಿಂದೆ ಕುಳಿತರು. ಅವರು ಈ ಪರದೆಯನ್ನು ನೋಡುವುದು ಮಗಳ ಧ್ವನಿ ಕೇಳುವುದಕ್ಕಾಗಿ. ಅಷ್ಟರಲ್ಲಿ ಒಂದು ದೊಡ್ಡ ಗುಂಪಿನ ನಡುವೆ ತಂಗಿಯ ಹುಲಿ ಬಿತ್ತು. ಬಿದ್ದವರನ್ನು ಜೊತೆಗಾರ ಹತ್ತಿರ ಹೋಗಿ ಎಬ್ಬಿಸಬಹುದು, ಅದಕ್ಕೆ ಕೆಲವು ಕ್ಷಣ ಅಲ್ಲಾಡದೆ ನಿಲ್ಲಬೇಕು. ಇಡೀ ಆಟದಲ್ಲಿ ಸುಮ್ಮನೆ ನಿಲ್ಲುವುದು ಇಷ್ಟು ಭಯ ಹುಟ್ಟಿಸುವ ಕೆಲಸವಾಗುವುದು ಆಗ ಮಾತ್ರ. ನಾನು ಹೊಗೆ ಎಸೆದು ಅದರಾಚೆಯಿಂದ ಓಡಿದೆ. ಅವಳು ಎದ್ದಳು, ಒಟ್ಟಿಗೆ ಆ ಕೋಣೆಯನ್ನು ಮುಗಿಸಿದೆವು. ಅದರ ಮುಂದಿನದರಲ್ಲಿ ಕವಚ ತೊಟ್ಟ ದೊಡ್ಡವರು ಎರಡು ಕಡೆಯಿಂದ ಬಂದರು. ನನ್ನ ಶೀಲ್ಡ್ ಮೊದಲು ಹೋಯಿತು. ಅವಳು ನನ್ನನ್ನು ಎಬ್ಬಿಸಲು ಬಂದು ಬಿದ್ದಳು. ಸುತ್ತು ಮುಗಿಯಿತು.

“ಮತ್ತೆ ಮೊದಲಿನಿಂದ ಆಡಬೇಕೇ? ಇಷ್ಟು ಹೊತ್ತು ಮಾಡಿದ್ದೆಲ್ಲ ಹೋಯಿತಲ್ಲ” ಎಂದರು ಅಮ್ಮ. ಅವರಿಗೆ ನಿಜವಾಗಿಯೂ ಬೇಸರವಾಗಿತ್ತು.

“ಎಲ್ಲ ಹೋಗುವುದಿಲ್ಲ ಅಮ್ಮ, ಸ್ವಲ್ಪ ಉಳಿಯುತ್ತದೆ” ಎಂದಳು ತಂಗಿ.

ಉಳಿಯುವುದು ಆತ್ಮಸಾರ ಎಂಬ ಒಂದು ಬಗೆಯ ಹಣ. ಸತ್ತ ಮೇಲೆ ಅದನ್ನು ಕೊಟ್ಟು ಶಾಶ್ವತ ಕೌಶಲಗಳನ್ನು ಕೊಳ್ಳಬಹುದು: ಜೀವ ಸ್ವಲ್ಪ ಹೆಚ್ಚು, ಶೀಲ್ಡ್ ಸ್ವಲ್ಪ ಗಟ್ಟಿ. ಹಳೆಯ ‘ರೋಗ್’ ಇದನ್ನು ಕೊಡುತ್ತಿರಲಿಲ್ಲ; ಅದರ ಹಗುರ ರೂಪವಾದ ರೋಗ್‌ಲೈಟ್, ಅಂದರೆ ಗನ್‌ಫೈರ್ ರಿಬಾರ್ನ್‌ನಂಥ ಆಟ, ಕೊಡುತ್ತದೆ. ಹೊಸಬರು ಎದೆಗುಂದದಂತೆ ಇದು ಕಾಪಾಡುತ್ತದೆ, ಒಪ್ಪುತ್ತೇನೆ. ಆದರೂ ಈ ಕೊಡುಗೆ ಹಿತಮಿತವಾಗಿರಬೇಕು. ಮೊದಲ ಸುತ್ತುಗಳಲ್ಲಿ ಎಷ್ಟು ಚೆನ್ನಾಗಿ ಆಡಿದರೂ ಗೆಲ್ಲಲಾಗದಂತೆ ಮಾಡಿ, ಕೌಶಲ ಕೊಂಡ ಮೇಲೆ ಬಾಗಿಲು ತೆರೆದರೆ, ಗೆದ್ದದ್ದು ನಾನೋ ನನ್ನ ಖಾತೆಯೋ ಎಂಬ ಅನುಮಾನ ಬರುತ್ತದೆ. ಗನ್‌ಫೈರ್ ರಿಬಾರ್ನ್ ಆರಂಭದಲ್ಲಿ ಈ ಗೆರೆಯ ಹತ್ತಿರಕ್ಕೆ ಹೋಗುತ್ತದೆ. ಅದನ್ನು ದಾಟದಂತೆ ಉಳಿಸುವುದು ನಾವು ಕಲಿತದ್ದು. ಹಳದಿ ಪಟ್ಟಿಯವರು ಎರಡು ಕಡೆಯಿಂದ ಬಂದರೆ ಏನು ಮಾಡಬೇಕೆಂಬುದನ್ನು ಯಾವ ಆತ್ಮಸಾರವೂ ಕೊಂಡುಕೊಡುವುದಿಲ್ಲ.

ಅಮ್ಮ ತಟ್ಟೆಗೆ ಬಡಿಸಿ ಅಲ್ಲಿಗೇ ತಂದುಕೊಟ್ಟರು. ನಾನು ಊಟ ಮಾಡುತ್ತಾ, ತಂಗಿ ಕಾಫಿ ಕುಡಿಯುತ್ತಾ ಕೊನೆಯ ಕೋಣೆಯನ್ನು ಬಿಡಿಸಿ ನೋಡಿದೆವು. ಶೀಲ್ಡ್‌ನ ವರ ತೆಗೆದುಕೊಂಡಿದ್ದರೆ ನಾನು ಬೀಳುತ್ತಿರಲಿಲ್ಲ ಎಂದು ನನ್ನ ವಾದ. ಹೊಗೆ ಇಲ್ಲದಿದ್ದರೆ ಮರುಭೂಮಿಯನ್ನೇ ದಾಟುತ್ತಿರಲಿಲ್ಲ ಎಂದು ಅವಳದು. ಅವಳು ಇನ್ನೊಂದು ಮಾತು ಹೇಳಿದಳು, ಅದು ನನಗೆ ಹೊಳೆದಿರಲಿಲ್ಲ: ಕವಚದವರು ಬಂದಾಗ ನಾವಿಬ್ಬರೂ ಒಂದೇ ಹೊಗೆಯೊಳಗೆ ಇದ್ದೆವು, ಒಬ್ಬರು ಮೇಲಿನ ಕಟ್ಟೆಯ ಮೇಲೆ ನಿಂತಿದ್ದರೆ ಅವರು ಇಬ್ಭಾಗವಾಗುತ್ತಿದ್ದರು, ಒಂದು ಕಡೆಯವರಿಗೆ ಹೊಗೆ ಸಾಕಾಗುತ್ತಿತ್ತು.

“ಮುಂದಿನ ಸಲ ಯುವರಾಜ ನನಗಿರಲಿ, ನೀನು ಹುಲಿಯನ್ನು ತೆಗೆದುಕೋ” ಎಂದಳು. “ನಿನಗೆ ಶಾಟ್‌ಗನ್ ಬರಲಿ, ನೋಡೋಣ.”

ಹಾಗೆಯೇ ಆಗಲಿ ಎಂದೆ. ಕರೆಂಟ್ ಬಂದಿತ್ತು, ಅಮ್ಮ ಮಗಳೊಡನೆ ಮಾತನಾಡಲು ಹೆಡ್‌ಫೋನ್ ತೆಗೆದುಕೊಂಡರು, ಮೊದಲು ಕೇಳಿದ್ದೇ ಆ ಹುಲಿಯ ಹೆಸರೇನು ಎಂದು.